ಮಾತಾಡದ ಹುಡುಗಿಯ ಲವ್ ಸ್ಟೋರಿ ಬರೆದು, ಅಚ್ಚು ಹಾಕಿಸಿ, ಮಾರಿದ್ದು

"ಹೀರೋಯಿನ್ ಬಾಯೇ ಬಿಡಲ್ಲ ಅಂದ್ರೆ ಓದೋರು ಯಾರ್ರೀ?" ಅಂತ ಕೇಳಿದವರು ಮೂವರು. ಇಬ್ಬರು ಪ್ರಕಾಶಕರು, ಇನ್ನೊಬ್ಬರು ನಮ್ಮ ಯಜಮಾನರು. ಹೋದ ತಿಂಗಳು ನನ್ನ ಕಾದಂಬರಿ 'ಬಾಕಿ ಮೂವತ್ಮೂರು' ಎರಡನೇ ಮುದ್ರಣಕ್ಕೆ ಹೋಯಿತು. ಪ್ರಕಾಶಕರಿಗೆ ಹೇಳಿಲ್ಲ. ಯಜಮಾನರಿಗೆ ದಿನಕ್ಕೆ ಎರಡು ಸಲ ಹೇಳುತ್ತಿದ್ದೇನೆ.

ನೀವೂ ಬರೆಯುವವರೇ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಹಾಕೋದು, ಪುಸ್ತಕಕ್ಕೆ ಐಎಸ್‌ಬಿಎನ್ ನಂಬರ್ ತಗೊಳ್ಳೋದು ಎಲ್ಲ ನಿಮಗೆ ಗೊತ್ತು. ಅದನ್ನು ಬಿಟ್ಟು, ನಾನು ಎಲ್ಲೆಲ್ಲಿ ಮುಗ್ಗರಿಸಿದೆ ಅನ್ನೋದನ್ನು ಹೇಳುತ್ತೇನೆ.

ಕಥೆ ಇಷ್ಟೇ. ಹಾಸನಕ್ಕೆ ಪಿಯುಸಿ ಓದಲು ಬರುವ ಹುಡುಗಿ. ಅವಳ ಊರಿನ ಗೇಟ್, ಅಂದರೆ ಮೇನ್ ರೋಡಿನಿಂದ ಊರಿಗೆ ತಿರುಗುವ ಜಾಗ, ಶಾಂತಿಗ್ರಾಮಕ್ಕಿಂತ ಎರಡು ಕಿಲೋಮೀಟರ್ ಈಚೆ. ಬಸ್ ಅಲ್ಲಿ ನಿಲ್ಲಬೇಕು ಅಂದರೆ ಯಾರಾದರೂ ಕೂಗಬೇಕು. ಅವಳ ಕೈಲಿ ಆಗಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡೋದು ಅಂದರೆ ಆತಂಕ, ಸೋಶಿಯಲ್ ಆಂಗ್ಸೈಟಿ ಅಂತಾರಲ್ಲ, ಅದು. ಶಾಂತಿಗ್ರಾಮದಲ್ಲಿ ಎಲ್ಲರ ಜೊತೆ ಇಳಿದು ಹಿಂದಕ್ಕೆ ನಡೆಯುತ್ತಾಳೆ. ಐವತ್ತರ ನೋಟು ಕೊಟ್ಟ ದಿನ ಕಂಡಕ್ಟರ್ ಟಿಕೆಟ್ ಹಿಂದೆ 33 ಅಂತ ಗೀಚಿ ಕೊಡುತ್ತಾನೆ. ಇಳಿಯುವಾಗ ಅವಳು ಕೇಳಲ್ಲ. ಅಂಥ ಟಿಕೆಟ್‌ಗಳು ಜಾಮಿಟ್ರಿ ಬಾಕ್ಸಿನಲ್ಲಿ ತುಂಬಿಕೊಂಡಿವೆ. ಅದೇ ಬಸ್ಸಿನಲ್ಲಿ ಬರುವ ಒಬ್ಬ ಹುಡುಗ ಇದನ್ನು ನೋಡುತ್ತಾನೆ.

2022ರಲ್ಲಿ ಶುರು ಮಾಡಿದೆ. ಕಥೆ ನಡೆಯೋದು ಆಗಿನ ಕಾಲದಲ್ಲೇ ಅಂದುಕೊಂಡಿದ್ದೆ. ಮುಕ್ಕಾಲು ಭಾಗ ಮುಗಿಯೋ ಹೊತ್ತಿಗೆ 2023ರ ಜೂನ್ ಬಂತು, ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್! ಇಡೀ ಊರು ಧರ್ಮಸ್ಥಳಕ್ಕೆ ಹೊರಟಿದೆ, ನಾನೊಬ್ಬಳು ತಲೆ ಮೇಲೆ ಕೈ ಹೊತ್ತು ಕೂತಿದ್ದೇನೆ. ದುಡ್ಡೇ ಕೊಡದ ಮೇಲೆ ಚಿಲ್ಲರೆ ಎಲ್ಲಿಂದ ಬರಬೇಕು? ಹುಡುಗನಿಗೇ ಆತಂಕ ಇಡೋಣ ಅಂತ ಒಂದು ತಿಂಗಳು ಒದ್ದಾಡಿದೆ. ಸರಿ ಬರಲಿಲ್ಲ. ಕೊನೆಗೆ ಕಥೆಯನ್ನೇ 2018ಕ್ಕೆ ತಳ್ಳಿದೆ. ರೀಲ್ಸ್, ಮಾಸ್ಕ್ ಎಲ್ಲ ಕಿತ್ತು ಹಾಕಬೇಕಾಯಿತು. ಒಳ್ಳೆಯದೇ ಆಯಿತು ಬಿಡಿ. ಈಗ ಬಸ್ಸಿಗೂ ಕ್ಯೂಆರ್ ಕೋಡ್ ಬಂದಿದೆ, ಇನ್ನು ಟಿಕೆಟ್ ಹಿಂದೆ ಬರೆಯೋ ಕಾಲ ಎಷ್ಟು ದಿನವೋ.

ಅಷ್ಟು ಮಾಡಿ ಪಿಯುಸಿ ಓದುತ್ತಿದ್ದ ತಂಗಿ ಮಗಳಿಗೆ ಓದಲು ಕೊಟ್ಟೆ. ಎರಡನೇ ಪುಟಕ್ಕೇ ಕೇಳಿದಳು: "ದೊಡ್ಡಮ್ಮ, ಅವಳಿಗೆ ಸ್ಟೂಡೆಂಟ್ ಪಾಸ್ ಇರಲ್ವಾ?"

ಎರಡು ದಿನ ಪೆನ್ನು ಮುಟ್ಟಲಿಲ್ಲ. ಮೂರನೇ ದಿನ ಪಾತ್ರೆ ತೊಳೆಯುವಾಗ ಹೊಳೆಯಿತು. ಪಾಸ್ ಬೇಕಾದರೆ ಫಾರಂ ತುಂಬಿ, ಕಾಲೇಜಿನಲ್ಲಿ ಸೀಲ್ ಹಾಕಿಸಿ, ಸ್ಟ್ಯಾಂಡಿನ ಕೌಂಟರ್‌ನಲ್ಲಿ ನಿಂತು ಮಾತಾಡಬೇಕು. ಅವಳು ಮೂರು ಸಲ ಕ್ಯೂನಲ್ಲಿ ನಿಂತು, ತನ್ನ ಸರದಿ ಬರುವಷ್ಟರಲ್ಲಿ ಪಕ್ಕಕ್ಕೆ ಸರಿದು ವಾಪಸ್ ಬಂದಿದ್ದಾಳೆ. ಮನೆಯಲ್ಲಿ ಪಾಸ್ ಆಗಿದೆ ಅಂತ ಸುಳ್ಳು ಹೇಳಿ, ತಿಂಡಿ ಕಾಸಲ್ಲಿ ಟಿಕೆಟ್ ತಗೊಳ್ಳುತ್ತಾಳೆ. ತಪ್ಪು ಹುಡುಕಿದ ಜಾಗದಲ್ಲೇ ಕಾದಂಬರಿಯ ಒಳ್ಳೆ ಅಧ್ಯಾಯ ಸಿಕ್ಕಿತು. ತಂಗಿ ಮಗಳಿಗೆ ಮಸಾಲೆ ದೋಸೆ ಕೊಡಿಸಿದೆ.

ಇಷ್ಟಾದರೂ ಮೊದಲ ಕರಡು ಸತ್ತು ಬಿದ್ದಿತ್ತು. ಯಾಕೆ ಅಂತ ಗೊತ್ತಾಗಲು ಕಂಟ್ರೋಲ್ ಎಫ್ ಹೊಡೆಯಬೇಕಾಯಿತು. 'ಎದೆ ಡವಡವ' ಅರವತ್ತು ಸಲವೋ ಏನೋ ಬಂದಿತ್ತು. 'ಅಂಗೈ ಬೆವರಿತು' ಅದಕ್ಕಿಂತ ಸ್ವಲ್ಪ ಕಡಿಮೆ. ಓದುವವರಿಗೆ ಹತ್ತನೇ ಪುಟಕ್ಕೇ ಸಾಕಾಗಿರುತ್ತೆ. ಎಲ್ಲ ಅಳಿಸಿದೆ. ಒಂದು ನಿಯಮ ಹಾಕಿಕೊಂಡೆ: ಅವಳ ಮೈಗೆ ಏನಾಯಿತು ಅಂತ ಬರೆಯಲ್ಲ, ಅವಳು ಏನು ಮಾಡಿದಳು ಅಂತ ಮಾತ್ರ ಬರೆಯುತ್ತೇನೆ.

ಹಾಜರಿ ಕೂಗುವ ದೃಶ್ಯ ನೋಡಿ. ಅವಳ ನಂಬರ್ 42. ಲೆಕ್ಚರರ್ ಒಂದರಿಂದ ಶುರು ಮಾಡುತ್ತಾರೆ. ಇಪ್ಪತ್ತು ದಾಟುವಾಗ 'ಪ್ರೆಸೆಂಟ್ ಮೇಡಂ' ಅನ್ನಬೇಕೋ ಬರೀ 'ಪ್ರೆಸೆಂಟ್' ಸಾಕೋ ಅಂತ ನೋಟ್‌ಬುಕ್ ಅಂಚಿನಲ್ಲಿ ಎರಡೂ ಬರೆದು ನೋಡುತ್ತಾಳೆ. ಮೂವತ್ತಕ್ಕೆ ಗಂಟಲು ಸರಿ ಮಾಡಿಕೊಳ್ಳಬೇಕು, ಆದರೆ ಆ ಸದ್ದಿಗೆ ಮುಂದಿನವಳು ತಿರುಗಿ ನೋಡಿದರೆ? 41 ಆಬ್ಸೆಂಟ್. ಒಂದು ಸೆಕೆಂಡ್ ಬೇಗ ಬಂತು ಸರದಿ. ತುಟಿ ಅಲ್ಲಾಡುತ್ತೆ, ದನಿ ಬರಲ್ಲ. ಮೇಡಂ ಕೆಂಪು ಪೆನ್ನಲ್ಲಿ ಗೀಟು ಹಾಕಿ 43 ಅನ್ನುತ್ತಾರೆ. ಒಂದು ದಿನವೂ ಕ್ಲಾಸ್ ತಪ್ಪಿಸದ ಹುಡುಗಿಗೆ ಕೊನೆಗೆ 75 ಪರ್ಸೆಂಟ್ ಹಾಜರಿ ಇಲ್ಲ ಅಂತ ಹಾಲ್ ಟಿಕೆಟ್ ತಡೆಯುತ್ತಾರೆ. ಇದನ್ನು ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅನುಭವ ನಿಮ್ಮದಾ ಅಂತ ಎಲ್ಲರೂ ಕೇಳುತ್ತಾರೆ. ಅರ್ಧ.

ಇನ್ನು ನನ್ನ ಏಣಿ. ಇದನ್ನೇ ಎಲ್ಲರೂ ಆಡಿಕೊಂಡಿದ್ದು. ಆತಂಕಕ್ಕೆ ಥೆರಪಿ ಕೊಡುವವರು ಭಯದ ಪಟ್ಟಿ ಮಾಡಿಸುತ್ತಾರೆ. ಸೊನ್ನೆಯಿಂದ ನೂರರವರೆಗೆ ನಂಬರ್ ಹಾಕಿ, ಕಡಿಮೆ ನಂಬರಿನಿಂದ ಒಂದೊಂದೇ ಮೆಟ್ಟಿಲು ಹತ್ತಿಸುತ್ತಾರೆ. ನಾನು ಅದನ್ನೇ ಕಾದಂಬರಿಯ ಚೌಕಟ್ಟು ಮಾಡಿದೆ. ಪ್ರತಿ ದೃಶ್ಯಕ್ಕೂ ಒಂದು ನಂಬರ್. ಅಂಗಡಿಯಲ್ಲಿ ಪೆನ್ನು ಕೇಳೋದು 30. ಹಾಜರಿ 45. 'ಗೇಟ್ ಹತ್ರ ನಿಲ್ಸಿ' ಅನ್ನೋದು 60. ಚಿಲ್ಲರೆ ಕೇಳೋದು 70. ಗೊತ್ತಿಲ್ಲದವರ ಫೋನ್ ಎತ್ತೋದು 85. ಗೋಡೆಗೆ ಚೀಟಿ ಅಂಟಿಸಿದ್ದೆ. ಮಾಮೂಲಿ ಪ್ರೇಮಕಥೆಯಲ್ಲಿ ಮುಂದೇನಾಗುತ್ತೆ ಅನ್ನೋ ಕುತೂಹಲ ಹುಡುಗನ ಮೇಲೆ ನಿಂತಿರುತ್ತೆ. ಇಲ್ಲಿ ಅದು 60ರ ಮೇಲೆ ನಿಂತಿತ್ತು. "ಇದೇನು ಕಾದಂಬರಿನೋ ಬಿಪಿ ಚಾರ್ಟೋ" ಅಂದರು ಯಜಮಾನರು.

ಮೆಟ್ಟಿಲು ನೇರವಾಗಿ ಹತ್ತಿಸಿದರೆ ಸಪ್ಪೆ. 60 ಹತ್ತಿದವಳು ಮಾರನೇ ದಿನ 30ರಲ್ಲಿ ಜಾರಬೇಕು. ಎಲ್ಲಿ ಜಾರಿಸಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಮುಂದಿನ ಪುಸ್ತಕಕ್ಕೂ ಅದೇ ಬಂಡವಾಳ, ಹಾಗಾಗಿ ಹೇಳಲ್ಲ.

ದೊಡ್ಡ ಏಟು ಬಿದ್ದಿದ್ದು ಹುಡುಗನ ವಿಷಯದಲ್ಲಿ. ಮೊದಲ ಕರಡಿನಲ್ಲಿ ಅವನು ಚಿನ್ನದಂಥವನು. ಅವಳ ಬದಲು ಬಸ್ ನಿಲ್ಲಿಸುತ್ತಾನೆ, ಚಿಲ್ಲರೆ ಕೇಳುತ್ತಾನೆ, ಕ್ಯಾಂಟೀನಿನಲ್ಲಿ ಅವಳಿಗೂ ಸೇರಿಸಿ ಆರ್ಡರ್ ಮಾಡುತ್ತಾನೆ. ನನಗೇ ಅವನ ಮೇಲೆ ಮನಸ್ಸಾಗಿತ್ತು. ಒಬ್ಬ ಆಪ್ತಸಮಾಲೋಚಕಿಗೆ ಮೂರು ಸಾವಿರ ಕೊಟ್ಟು ಹಸ್ತಪ್ರತಿ ಓದಿಸಿದೆ. ಅವರು ಕೆಂಪಲ್ಲಿ ಬರೆದರು: "ಈ ಹುಡುಗ ಅವಳ ಕಾಯಿಲೆಯನ್ನು ಸಾಕುತ್ತಿದ್ದಾನೆ." ಭಯ ಇರುವವರು ತಪ್ಪಿಸಿಕೊಳ್ಳಲು ಏನೇನೋ ಊರುಗೋಲು ಹಿಡಿಯುತ್ತಾರಂತೆ. ಕಣ್ಣು ತಪ್ಪಿಸೋದು, ಮಾತನ್ನು ಮೊದಲೇ ಬಾಯಿಪಾಠ ಮಾಡೋದು, ಇನ್ನೊಬ್ಬರಿಂದ ಮಾತಾಡಿಸೋದು. ಆ ಹೊತ್ತಿಗೆ ಹಾಯ್ ಅನಿಸುತ್ತೆ. ಆದರೆ ಕೂಗಿದರೂ ಏನೂ ಆಗಲ್ಲ ಅಂತ ಗೊತ್ತಾಗೋ ದಿನ ಬರೋದೇ ಇಲ್ಲ.

ನೂರು ಪುಟದ ಹತ್ತಿರ ಹರಿದು ಹಾಕಿದೆ. ಹೊಸ ಕರಡಿನಲ್ಲಿ ಹುಡುಗ ಒಂದು ದಿನ ಅವಳ ಬದಲು ಕೂಗೋದನ್ನು ನಿಲ್ಲಿಸುತ್ತಾನೆ. ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ. ಗೇಟ್ ಬರುತ್ತೆ, ಹೋಗುತ್ತೆ. ಇಬ್ಬರೂ ಶಾಂತಿಗ್ರಾಮದಲ್ಲಿ ಇಳಿದು ಎರಡು ಕಿಲೋಮೀಟರ್ ವಾಪಸ್ ನಡೆಯುತ್ತಾರೆ. ಮಾತಿಲ್ಲ. ಪುಸ್ತಕದಲ್ಲಿ ಪ್ರೀತಿ ಅಂತ ಇರೋದು ಆ ನಡಿಗೆಯೇ. ಪ್ರೀತಿ ಬಂತು, ಭಯ ಓಡಿತು ಅಂತ ಬರೆಯೋದು ಸುಲಭ, ಅದು ಶುದ್ಧ ಸುಳ್ಳು. ನನ್ನ ಹುಡುಗಿ ಕೊನೆಯಲ್ಲೂ ಭಯದಲ್ಲೇ ಇದ್ದಾಳೆ, ನಿಮ್ಹಾನ್ಸ್ ಓಪಿಡಿಯ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತು ತನ್ನ ಹೆಸರು ಕೂಗೋದನ್ನು ಕಾಯುತ್ತಿದ್ದಾಳೆ.

ಅಪ್ಪನನ್ನು ಅಲ್ಲಿವರೆಗೆ ತರೋದೇ ಕಷ್ಟವಾಯಿತು. ನಮ್ಮ ಕಡೆ ಹೆಣ್ಣುಮಗಳು ಮಾತಾಡದಿದ್ದರೆ ಅದು ಕಾಯಿಲೆ ಅಲ್ಲ, ಸರ್ಟಿಫಿಕೇಟು. 'ತಲೆ ಎತ್ತಿ ನೋಡಲ್ಲ, ಅಷ್ಟು ಸಾಧು' ಅಂತ ನೆಂಟರು ಹೊಗಳುತ್ತಾರೆ. ಹುಡುಗ ಹಾಗಿದ್ದರೆ 'ಬಾಯಿ ಸತ್ತವನು'. ಹೀಗೆ ಹೊಗಳಿ ಹೊಗಳಿಯೇ ಹುಡುಗಿಯ ಐದಾರು ವರ್ಷ ಹೋಗಿರುತ್ತೆ. ಈ ಆತಂಕ ಸಾಮಾನ್ಯವಾಗಿ ಶುರುವಾಗೋದೇ ಹೈಸ್ಕೂಲ್ ವಯಸ್ಸಿನಲ್ಲಿ.

ನಡುವೆ ಬೇಡದ ಪ್ರಯೋಗಗಳನ್ನೂ ಮಾಡಿದೆ. ಒಂದೇ ಅಧ್ಯಾಯವನ್ನು 'ನಾನು', 'ಅವಳು', 'ನೀನು' ಅಂತ ಮೂರು ಥರ ಬರೆದೆ. 'ನೀನು' ಚೆನ್ನಾಗಿತ್ತು, ನಾಲ್ಕು ಪುಟದವರೆಗೆ. ಆಮೇಲೆ ಯಾರೋ ಬೈಯುತ್ತಿದ್ದಾರೆ ಅನ್ನಿಸಿತು. ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಬಾಯಿ ಬಿಡದೆ ಒಂದು ವಾರದ ತರಕಾರಿ ತರುತ್ತೇನೆ ಅಂತ ಹೋದೆ. ಬದನೆಕಾಯಿ ಎರಡು ಕೆಜಿ ಬಂತು, ಕೊತ್ತಂಬರಿ ಬರಲಿಲ್ಲ. ಆಡಿಯೋ ಬುಕ್ ಮಾಡಿಸಲು ಹೋಗಿ ಆರು ಸಾವಿರ ಕಳೆದೆ. ಪುಟದ ಮೇಲಿನ ಮೌನ ಕಿವಿಗೆ ಬಂದಾಗ ಮೊಬೈಲ್ ಕೆಟ್ಟಂತೆ ಕೇಳುತ್ತೆ.

ಈಗ ದುಡ್ಡಿನ ಮಾತು. ಡೆಮಿ 1/8 ಸೈಜಿನ ಪುಸ್ತಕ, 184 ಪುಟ, 500 ಪ್ರತಿ. ಡಿಟಿಪಿ, ಎರಡು ಪ್ರೂಫ್, ಮುಖಪುಟ, ಅಚ್ಚು ಎಲ್ಲ ಸೇರಿ ನಲವತ್ತೆಂಟು ಸಾವಿರದ ಹತ್ತಿರ. ಕೈಬಳೆ ಅಡ ಇಟ್ಟಿದ್ದೆ. ಬೆಲೆ 220. 200 ಪ್ರತಿಯನ್ನು ನಲವತ್ತು ಪರ್ಸೆಂಟ್ ಕಮಿಷನ್‌ಗೆ ಒಬ್ಬ ಮಾರಾಟಗಾರರಿಗೆ ಕೊಟ್ಟೆ. ಎಂಟು ತಿಂಗಳಾದ ಮೇಲೆ 160ರಷ್ಟು ವಾಪಸ್ ಬಂದವು, ಅಂಚು ಮಡಿಚಿ. ಮಾರಿದ್ದರ ದುಡ್ಡು ಇನ್ನೂ ಬರಬೇಕು. ನನ್ನದೂ ಬಾಕಿ!

ನಾನೇ ಮಾರುತ್ತೇನೆ ಅಂತ ಪೋಸ್ಟರ್ ಮಾಡಿಸಿದೆ. ಕೆಳಗೆ 'ಪ್ರತಿಗಳಿಗಾಗಿ ಕರೆ ಮಾಡಿ', ನನ್ನ ನಂಬರ್. ಎರಡು ತಿಂಗಳಲ್ಲಿ ಹನ್ನೊಂದು ಕರೆ. ಮತ್ತೆ ತಂಗಿ ಮಗಳೇ ಹೇಳಿದಳು: "ದೊಡ್ಡಮ್ಮ, ಈ ಪುಸ್ತಕ ಬೇಕಾಗಿರೋರು ಕಾಲ್ ಮಾಡ್ತಾರಾ?" ಎದುರಿನ ಗೋಡೆ ಮೇಲೆ ನಾನೇ ಅಂಟಿಸಿದ ಚೀಟಿ: ಫೋನ್, 85.

ಪೋಸ್ಟರ್ ಬದಲಾಯಿಸಿದೆ. 'ಕರೆ ಮಾಡಬೇಡಿ. ನಾವೂ ಮಾಡುವುದಿಲ್ಲ.' ಒಂದು ಕ್ಯೂಆರ್, ಒಂದು ಫಾರಂ, ಅಷ್ಟೇ. ಪಿಯು ಕಾಲೇಜು, ಹಾಸ್ಟೆಲ್ ನೋಟಿಸ್ ಬೋರ್ಡ್‌ಗಳಲ್ಲಿ ಹಾಕಿಸಿದೆ. ಮೊದಲ ತಿಂಗಳೇ 90 ಚಿಲ್ಲರೆ ಹೋಯಿತು. ಆರು ತಿಂಗಳಿಗೆ ಉಳಿದದ್ದೆಲ್ಲ ಖಾಲಿ, ಅಂಚು ಮಡಿಚಿದ್ದೂ ಸೇರಿ. ಫಾರಂನಲ್ಲಿ 'ಬೇರೇನಾದರೂ ಹೇಳುವುದಿದೆಯೇ' ಅನ್ನೋ ಜಾಗ ಇಟ್ಟಿದ್ದೆ. ಒಬ್ಬರು ಬರೆದಿದ್ದರು: "ಕವರ್ ಮೇಲೆ 'ಬೆಲ್ ಮಾಡಬೇಡಿ, ಕಿಟಕಿಯಲ್ಲಿ ಇಡಿ' ಅಂತ ಬರೀತೀರಾ?" ದಪ್ಪ ಮಾರ್ಕರ್‌ನಲ್ಲಿ ಬರೆದೆ. ಪುಸ್ತಕದ ಕೊನೆಯ ಪುಟದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ ಹಾಕಿದ್ದೇನೆ, 14416. ಅದೂ ಫೋನೇ, ಏನು ಮಾಡೋದು. ಪಕ್ಕದಲ್ಲಿ 'ನಿಮ್ಮ ಪರವಾಗಿ ಮನೆಯವರೂ ಮಾಡಬಹುದು' ಅಂತ ಸೇರಿಸಿದೆ. ಸಮಾಲೋಚಕಿ ಇದನ್ನೂ ಊರುಗೋಲು ಅಂದರು. ಮೊದಲ ದಿನಕ್ಕೆ ಇರಲಿ ಬಿಡಿ ಅಂತ ನಾನು ಜಗಳ ಆಡಿ ಉಳಿಸಿಕೊಂಡೆ.

ಬಳೆ ಬಿಡಿಸಿಕೊಂಡಾಯಿತು. ಕೈಯಲ್ಲಿ ಹನ್ನೆರಡು ಸಾವಿರದಷ್ಟು ಉಳಿಯಿತು. ಮೂರು ವರ್ಷದ ದುಡಿಮೆಗೆ ಇದು ಲಾಭವಾ ಅಂತ ಕೇಳಬೇಡಿ.

ಎರಡನೇ ಮುದ್ರಣದಲ್ಲಿ ಒಂದು ಕಡೆ ತಿದ್ದಿದ್ದೇನೆ. ರಿಟೈರ್ ಆದ ಕಂಡಕ್ಟರ್ ಒಬ್ಬರು, ಮೊಮ್ಮಗಳು ತಂದ ಪ್ರತಿ ಓದಿ, ಮನೆಗೇ ಬಂದಿದ್ದರು. ನನ್ನ ಕಂಡಕ್ಟರ್ ಚಿಲ್ಲರೆ ಉಳಿದರೆ ಒಳಗೊಳಗೇ ಖುಷಿಪಡುತ್ತಾನೆ ಅಂತ ಬರೆದಿದ್ದೆ. ಅವರಿಗೆ ಬೇಜಾರಾಗಿತ್ತು. "ನಾವೂ ಮರೀತೀವಿ ತಾಯಿ, ಅರವತ್ತು ಜನ ಇರ್ತಾರೆ. ರಾತ್ರಿ ಬ್ಯಾಗ್ ಲೆಕ್ಕ ಮಾಡುವಾಗ ಜಾಸ್ತಿ ಬಂದ್ರೆ, ಯಾವ್ ಮಗಾನೋ ಕೇಳ್ದೇ ಇಳೀತು ಅಂತ ಗೊತ್ತಾಗುತ್ತೆ. ಯಾವ್ದು ಅಂತ ಗೊತ್ತಾಗಲ್ಲ." ಕಾಫಿ ಕುಡಿದು, ಜೇಬಿನಿಂದ ಎಣಿಸಿ 220 ರೂಪಾಯಿ ಟೀಪಾಯ್ ಮೇಲಿಟ್ಟು, ಇನ್ನೊಂದು ಪ್ರತಿ ತಗೊಂಡು ಹೋದರು.