ಒಂದೇ ಪ್ಯಾಕೆಟ್, ನಾಲ್ಕು ಊರು

ಇದೆಲ್ಲ ಶುರುವಾಗಿದ್ದು ಶೇಂಗಾ ಚಟ್ನಿಪುಡಿಯಿಂದ. ಬಳ್ಳಾರಿಯ ನಮ್ಮ ಮನೆಯಲ್ಲಿ ಮೂರೇ ಜನ. ನಾನು, ನಮ್ಮ ಮನೆಯವರು, ಅತ್ತೆ. ಅತ್ತೆಗೆ ಮೊಣಕಾಲು ನೋವು ಜಾಸ್ತಿಯಾಗಿ ಕುಟ್ಟೋದು, ಬೀಸೋದು ನಿಂತ ಮೇಲೆ ಚಟ್ನಿಪುಡಿಯನ್ನು ಮಾರ್ಟಿನಿಂದ ತರುವ ರೂಢಿಯಾಯಿತು. ಮೊದಲ ಸಲ ತಂದಿದ್ದು ಚೆನ್ನಾಗಿತ್ತು. ಮುಂದಿನ ತಿಂಗಳು ಅದೇ ಮಾರ್ಕು, ಅದೇ ಪ್ಯಾಕೆಟ್, ಬಾಯಿಗಿಟ್ಟರೆ ಕಮಟು.

ಅತ್ತೆ ತಟ್ಟೆ ಸರಿಸಿ "ಇದನ್ನ ಯಾವ ಅಂಗಡ್ಯಾಗ ತಂದೀರಿ?" ಅಂತ ಕೇಳಿದರು. "ಅದೇ ಮಾರ್ಟು ಅತ್ತೆ, ಈ ಸಲ ಇವರು ಕೊಪ್ಪಳದ ಬ್ರಾಂಚಿನಿಂದ ತಂದರು, ಅಷ್ಟೇ" ಅಂದೆ. ಅವತ್ತು ರಾತ್ರಿ ನಾವಿಬ್ಬರೂ ಇದನ್ನೇ ಮಾತಾಡಿದೆವು. ಕಂಪನಿ ಒಂದೇ, ಮಾರ್ಟೂ ಒಂದೇ, ಊರು ಬದಲಾದರೆ ರುಚಿ ಯಾಕೆ ಬದಲಾಗಬೇಕು?

ನಮ್ಮ ಮನೆಯವರದು ಫ್ರಿಜ್, ಏಸಿ ರಿಪೇರಿ ಕೆಲಸ. ಹೊಸಪೇಟೆ, ಕೊಪ್ಪಳ, ಗಂಗಾವತಿ, ತಿಂಗಳಿಗೊಮ್ಮೆ ರಾಯಚೂರು, ಹೀಗೆ ತಿರುಗಾಟ ಇದ್ದೇ ಇರುತ್ತೆ. ನಾನು ಸಿರುಗುಪ್ಪದ ಕಿರಾಣಿ ಅಂಗಡಿಯವರ ಮಗಳು, ಶೇಂಗಾ ಮೂಟೆ ಬಿಚ್ಚಿದರೆ ಹೊಸದೋ ಹಳೇದೋ ಅಂತ ಮೂಗಿನಲ್ಲೇ ಹೇಳ್ತೀನಿ. ಇಬ್ಬರ ಕಸುಬೂ ಸೇರಿದರೆ ಏನೋ ಒಂದು ಆಗುತ್ತೆ ಅನ್ನಿಸಿತು. ಅವರು ಹೋದ ಊರಿನ ಬ್ರಾಂಚಿನಿಂದ ಸಾಮಾನು ತರುವುದು, ಭಾನುವಾರ ಕೂತು ತಿಂದು ನೋಡುವುದು, ಓಣಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ಬರೆದು ಹಾಕುವುದು. ಆಮೇಲೆ ಭಾನುವಾರ ನಾನೂ ಅವರ ಜೊತೆ ಹೋಗತೊಡಗಿದೆ. ಹೊಸಪೇಟೆ ಅರವತ್ತು ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಕೊಪ್ಪಳ ಇನ್ನೂ ಮುಂದೆ. ಡ್ಯಾಮ್ ನೋಡೋಕೆ ಹೋಗುವ ಜನರ ನಡುವೆ ನಾವು ಮಾರ್ಟ್ ನೋಡೋಕೆ ಹೊರಟವರು.

ಮಾರ್ಟಿನ ಹೆಸರು ಇಲ್ಲಿ ಹಾಕುವುದಿಲ್ಲ. ನಮ್ಮ ಕಡೆಯವರಿಗೆ ಊಹೆ ಆಗಬಹುದು, ಆಗಲಿ.

ಮೊದಲ ಎರಡು ತಿಂಗಳು ನಾವು ಮಾಡಿದ್ದು ದಂಡ. ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಿದ್ದೆವು, ಎಲ್ಲಕ್ಕೂ ಏಳು. ಉಪ್ಪಿನಕಾಯಿಗೂ ಏಳು, ಬಿಸ್ಕತ್ತಿಗೂ ಏಳು. ಅವರು "ಖಾರ ಚೆನ್ನಾಗಿದೆ" ಅಂದ ತಕ್ಷಣ ನನ್ನ ನಾಲಿಗೆಗೂ ಖಾರವೇ ಹತ್ತುತ್ತಿತ್ತು. ಕೊನೆಗೆ ಅಂಕ ಬಿಟ್ಟೆವು. ಈಗ ಒಂದೇ ಪ್ರಶ್ನೆ: ಮತ್ತೆ ರೊಕ್ಕ ಕೊಟ್ಟು ತರ್ತೀವಾ? ತರ್ತೀವಿ, ತರೋದಿಲ್ಲ, ಈ ಬ್ರಾಂಚಿನಲ್ಲಿ ಮಾತ್ರ ತರ್ತೀವಿ. ಇಷ್ಟರಲ್ಲೇ ಉತ್ತರ. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಮಡಚಿಟ್ಟ ಮೇಲೇ ಬಾಯಿ ಬಿಡಬೇಕು. ನಮ್ಮವರಿಗೆ ಎಲೆ ಅಡಿಕೆ ಅಭ್ಯಾಸ, ಸುಣ್ಣ ಹತ್ತಿದ ನಾಲಿಗೆಗೆ ಉಪ್ಪು ಗೊತ್ತಾಗಲ್ಲ. ಹಾಗಾಗಿ ಭಾನುವಾರ ಹನ್ನೊಂದು ಗಂಟೆ ತನಕ ಎಲೆ ಬಂದ್. ಈ ನಿಯಮಕ್ಕೆ ಅವರು ಇವತ್ತಿಗೂ ಗೊಣಗ್ತಾರೆ.

ಕಣ್ಣಿಗೆ ಮೋಸ ಆಗಬಾರದು ಅಂತ ಅತ್ತೆಯನ್ನು ಜಡ್ಜ್ ಮಾಡಿದೆವು. ಒಂದೇ ಥರದ ನಾಲ್ಕು ಸ್ಟೀಲ್ ಬಟ್ಟಲು, ತಳಕ್ಕೆ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು. ಕೆಂಪು ಬಳ್ಳಾರಿ, ಹಸಿರು ಹೊಸಪೇಟೆ, ಕಪ್ಪು ಕೊಪ್ಪಳ, ನೀಲಿ ರಾಯಚೂರು. ಯಾವುದರಲ್ಲಿ ಏನಿದೆ ಅಂತ ಅತ್ತೆಗೆ ಗೊತ್ತಾಗಬಾರದು. ಚಟ್ನಿಪುಡಿಯಾದರೆ ಮೊದಲು ಬರೀ ಪುಡಿ ನಾಲಿಗೆ ಮೇಲೆ, ಆಮೇಲೆ ಬಿಸಿ ಜೋಳದ ರೊಟ್ಟಿಗೆ ಎಣ್ಣೆ ಸವರಿ ಅದರ ಜೊತೆ. ಎರಡರ ನಡುವೆ ಒಂದು ಹಿಡಿ ಮಂಡಕ್ಕಿ, ಒಂದು ಗುಟುಕು ನೀರು. ಮಂಡಕ್ಕಿಯಷ್ಟು ಚೆನ್ನಾಗಿ ನಾಲಿಗೆಯನ್ನು ಒರೆಸುವ ಸಾಮಾನು ನನಗಂತೂ ಬೇರೆ ಸಿಕ್ಕಿಲ್ಲ.

ಈಗ ಚಟ್ನಿಪುಡಿ ವಿಷಯಕ್ಕೆ ಬರ್ತೀನಿ. ಬಳ್ಳಾರಿಯಿಂದ ಒಂದು, ಕೊಪ್ಪಳದಿಂದ ಒಂದು ಪ್ಯಾಕೆಟ್ ತಂದೆವು, ಬ್ಯಾಚ್ ನಂಬರ್ ಎರಡರಲ್ಲೂ ಒಂದೇ. ತಯಾರಾದ ದಿನವೂ ಒಂದೇ, ಅವಧಿ ಮುಗಿಯೋಕೆ ಇನ್ನೂ ಎರಡು ತಿಂಗಳು ಬಾಕಿ. ಆದರೂ ಅತ್ತೆ ಕಪ್ಪು ಬೊಟ್ಟಿನ ಬಟ್ಟಲನ್ನೇ ಎತ್ತಿ ಪಕ್ಕಕ್ಕಿಟ್ಟರು. ಮುಂದಿನ ವಾರ ನಾನೇ ಕೊಪ್ಪಳಕ್ಕೆ ಹೋಗಿ ನೋಡಿದರೆ ಕಾರಣ ಎದುರಿಗೇ ಇತ್ತು. ಚಟ್ನಿಪುಡಿಯ ರ‍್ಯಾಕು ಮುಂಭಾಗದ ಗಾಜಿಗೆ ಒತ್ತಿಕೊಂಡಿದೆ, ಗಾಜು ಪಡುವಣಕ್ಕೆ. ಮಧ್ಯಾಹ್ನ ಮೂರರಿಂದ ಸಂಜೆ ತನಕ ಬಿಸಿಲು ಸೀದಾ ಪ್ಯಾಕೆಟ್ ಮೇಲೆ. ನಮ್ಮ ಕಡೆ ಏಪ್ರಿಲ್, ಮೇ ಅಂದರೆ ನಲವತ್ತು ಡಿಗ್ರಿ ದಾಟೋದು ಮಾಮೂಲು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಏಸಿಯೂ ಇರೋದಿಲ್ಲ. ಶೇಂಗಾದಲ್ಲಿ ಹೆಚ್ಚು ಕಡಿಮೆ ಅರ್ಧ ಎಣ್ಣೆಯೇ ಇರುತ್ತೆ, ಅದನ್ನು ಪುಡಿ ಮಾಡಿದರೆ ಗಾಳಿ ತಾಗುವ ಜಾಗ ಇನ್ನೂ ಜಾಸ್ತಿ, ಮೇಲೆ ಬಿಸಿಲೂ ಬಿದ್ದರೆ ಕಮಟು ಬರದೆ ಇನ್ನೇನು? ಬಳ್ಳಾರಿಯಲ್ಲಿ ಅದೇ ಪುಡಿ ಒಳಗೆ ಬೇಳೆ ಸಾಲಿನ ಕೆಳಗೆ, ನೆರಳಿನಲ್ಲಿ ಕೂತಿತ್ತು.

ನಮ್ಮ ಅಪ್ಪ ಶೇಂಗಾ ಮೂಟೆಯನ್ನು ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲೇ ಇಡುತ್ತಿದ್ದರು. ಗಿರಾಕಿ ಕಣ್ಣಿಗೆ ಬೀಳಲ್ಲ ಅಂತ ಅಮ್ಮ ಬೈಯುತ್ತಿದ್ದಳು. ಅವರು ಯಾಕೆ ಹಾಗೆ ಮಾಡುತ್ತಿದ್ದರು ಅನ್ನೋದು ನನಗೆ ಕೊಪ್ಪಳದ ಆ ಗಾಜಿನ ಎದುರು ನಿಂತಾಗ ಹೊಳೆಯಿತು.

ಅಲ್ಲಿನ ಹುಡುಗನಿಗೆ ಹೇಳಿದೆ. "ಯಾವ ಮಾಲು ಎಲ್ಲಿ ಇಡಬೇಕು ಅಂತ ಮ್ಯಾಲಿಂದ ಬರ್ತದ ಮೇಡಂ, ನಮ್ಮ ಕೈಯಾಗ ಇಲ್ಲ" ಅಂದ. ಪಾಪ, ನಿಜವೇ ಇರಬೇಕು. ಎರಡು ತಿಂಗಳು ಬಿಟ್ಟು ಹೋದಾಗ ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದರು. ನಾವು ಹೇಳಿದ್ದಕ್ಕೋ, ಕ್ಯಾಷಿನಲ್ಲಿ ಕೂತವರಿಗೆ ಬಿಸಿಲು ಹೊಡೆಯುತ್ತಿತ್ತು ಅಂತಲೋ, ಅಂತೂ ಅಂಟಿಸಿದ್ದರು.

ಅವತ್ತಿನಿಂದ ಪ್ಯಾಕೆಟ್‌ಗಿಂತ ಮೊದಲು ಜಾಗ ನೋಡ್ತೀವಿ. ಒಣಕೊಬ್ಬರಿ, ಎಳ್ಳು, ಅಗಸಿ, ಗುರೆಳ್ಳು, ಗೋಡಂಬಿ, ಹೀಗೆ ಎಣ್ಣೆಯಂಶ ಇರುವ ಯಾವುದೂ ಗಾಜಿನ ಹತ್ತಿರ ಇದ್ದರೆ ಮುಟ್ಟಲ್ಲ. ಪಾರದರ್ಶಕ ಪ್ಯಾಕೆಟ್ಟಿಗಿಂತ ಒಳಗೆ ಬೆಳ್ಳಿ ಹಾಳೆ ಇರುವುದೇ ವಾಸಿ, ಒಳಗಿನದು ಕಾಣದಿದ್ದರೂ. ಮುಂದಿನ ಸಾಲಿನದನ್ನು ತೆಗೆಯದೆ ಹಿಂದೆ ಕೈ ಹಾಕ್ತೀನಿ. ಕಿರಾಣಿ ಅಂಗಡಿಯವರ ಮಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹಳೇ ಮಾಲು ಮುಂದೆ, ಹೊಸ ಮಾಲು ಹಿಂದೆ, ಎಲ್ಲ ಅಂಗಡಿಯಲ್ಲೂ ಹೀಗೇ.

ಪ್ಯಾಕೆಟ್ಟಿನ ಹಿಂಭಾಗ ಓದುವುದು ಅಭ್ಯಾಸವಾದ ಮೇಲೆ ಇನ್ನೊಂದು ಬಯಲಾಯಿತು. ಯಾವ ಪದಾರ್ಥ ಜಾಸ್ತಿ ಇರುತ್ತೋ ಅದರ ಹೆಸರನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಒಂದು "ಶೇಂಗಾ ಚಟ್ನಿಪುಡಿ"ಯಲ್ಲಿ ಮೊದಲ ಹೆಸರು ಪುಟಾಣಿ, ಅಂದರೆ ಹುರಿಗಡಲೆ! ಶೇಂಗಾ ಎರಡನೇದು. ಪುಟಾಣಿ ಚಟ್ನಿಗೂ ನನ್ನದೇನೂ ತಕರಾರಿಲ್ಲ, ನಾನೂ ಮಾಡ್ತೀನಿ, ಆದರೆ ಹೆಸರು ಹಾಗಂತ ಹಾಕಿ ಮಾರಬೇಕಲ್ವಾ? ಇನ್ನೊಂದು ಸಲ ಮಾರ್ಟಿನ ಸ್ವಂತ ಮಾರ್ಕಿನ ಅಗಸಿ ಚಟ್ನಿ 200 ಗ್ರಾಂಗೆ 84 ರೂಪಾಯಿ, ಪಕ್ಕದಲ್ಲೇ ಹೆಸರಾಂತ ಮಾರ್ಕಿನದು 150 ಗ್ರಾಂಗೆ 75. ಕಣ್ಣಿಗೆ ಎರಡನೇದು ಅಗ್ಗ, ಲೆಕ್ಕ ಹಾಕಿದರೆ ಗ್ರಾಂಗೆ 50 ಪೈಸೆ, ಮೊದಲನೇದು 42 ಪೈಸೆ. ಈಗ ಪ್ಯಾಕೆಟ್ ಮೇಲೇ ಗ್ರಾಂಗಿಷ್ಟು ಅಂತ ಸಣ್ಣದಾಗಿ ಅಚ್ಚು ಹಾಕಿರ್ತಾರೆ, ಕನ್ನಡಕ ಒಯ್ದರೆ ಸಾಕು. ಮಜಾ ಅಂದರೆ ಎರಡರಲ್ಲೂ ತಯಾರಿಸಿದವರ ವಿಳಾಸ ಒಂದೇ, ಅದರ ಪಕ್ಕದ ಆಹಾರ ಲೈಸೆನ್ಸಿನ 14 ಅಂಕಿಯೂ ಒಂದೇ. ಅತ್ತೆಯ ಮುಂದೆ ಬಟ್ಟಲಿಟ್ಟೆವು. ಯಾವುದು ಯಾವ ಮಾರ್ಕಿನದು ಅಂತ ಹೇಳೋಕೆ ಅವರಿಗೂ ಆಗಲಿಲ್ಲ.

ತಣ್ಣಗಿನ ಸಾಮಾನಿನ ಕಡೆ ನಮ್ಮ ಮನೆಯವರದೇ ಯಜಮಾನಿಕೆ. ಮೇಲೆ ತೆರೆದಿರುವ ದೊಡ್ಡ ಫ್ರೀಜರ್ ಪೆಟ್ಟಿಗೆಯ ಒಳಗೋಡೆಗೆ ಒಂದು ಗೆರೆ ಇರುತ್ತೆ, ಅದರ ಮೇಲೆ ಮಾಲು ಪೇರಿಸಬಾರದು. ತಂಪು ಗಾಳಿ ಓಡಾಡುವುದು ಆ ಗೆರೆಯ ಕೆಳಗೆ ಮಾತ್ರ, ಮೇಲಿರುವುದು ಬರೀ ಕೋಣೆಯ ಗಾಳಿಯಲ್ಲಿ ಕೂತಂತೆ. ಹಬ್ಬದ ಹಿಂದಿನ ದಿನ ಯಾವ ಬ್ರಾಂಚಿಗೆ ಹೋದರೂ ಪರೋಟ ಪ್ಯಾಕೆಟ್ಟುಗಳು ಗೆರೆ ಮೀರಿ ಗುಡ್ಡ ಆಗಿರ್ತವೆ. ಇವರು ತೋಳು ಮಡಚಿ ತಳದಿಂದ ಎತ್ತುತ್ತಾರೆ, ಜನ ವಿಚಿತ್ರವಾಗಿ ನೋಡ್ತಾರೆ. ಫ್ರೀಜರ್ ಮೈನಸ್ 18 ತೋರಿಸಬೇಕು. ಮೊದಮೊದಲು ಇವರು ಕೆಲಸದ ಗನ್ ಥರ್ಮಾಮೀಟರ್ ತೆಗೆದು ಹಿಡಿಯುತ್ತಿದ್ದರು, ಒಂದು ಕಡೆ ಸೆಕ್ಯುರಿಟಿಯವನು ಹೊರಗೆ ಕಳಿಸಿದ ಮೇಲೆ ಅದು ಗಾಡಿಯಲ್ಲೇ ಉಳಿಯಿತು. ಈಗ ಬಟಾಣಿ ಪ್ಯಾಕೆಟ್ ಅಲ್ಲಾಡಿಸಿ ನೋಡ್ತೀವಿ, ಅಷ್ಟೇ. ಗಲಗಲ ಅಂದರೆ ಸರಿ. ಕಲ್ಲಿನ ಥರ ಒಂದೇ ಮುದ್ದೆಯಾಗಿದ್ದರೆ ಕರೆಂಟ್ ಹೋದಾಗಲೋ, ಲಾರಿಯಿಂದ ಇಳಿಸುವಾಗಲೋ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಅಂತ ಅರ್ಥ. ಐಸ್‌ಕ್ರೀಮಿನಲ್ಲಿ ಹಲ್ಲಿಗೆ ಚೂರು ಚೂರು ಮಂಜು ಸಿಗೋದೂ ಇದಕ್ಕೇ. ಅಂದ ಹಾಗೆ, ಡಬ್ಬಿ ಮೇಲೆ ಐಸ್‌ಕ್ರೀಮ್ ಅಂತಿದೆಯೋ ಫ್ರೋಜನ್ ಡೆಸರ್ಟ್ ಅಂತಿದೆಯೋ ನೋಡಿ. ಎರಡನೇದರಲ್ಲಿ ಹಾಲಿನ ಕೊಬ್ಬಿನ ಬದಲು ಗಿಡದ ಎಣ್ಣೆ ಇರುತ್ತೆ.

ನಮ್ಮದೇ ತಪ್ಪನ್ನೂ ಹೇಳಬೇಕು. ಹೋದ ವರ್ಷ ಬೇಸಿಗೆಯಲ್ಲಿ ಹೊಸಪೇಟೆ ಬ್ರಾಂಚಿನ ಪನೀರ್ ಹುಳಿ ಅಂತ ಗುಂಪಿಗೆ ಬರೆದು ಹಾಕಿದೆ. ನಾಲ್ಕು ಜನ "ಹೌದು ಹೌದು, ಅಲ್ಲಿ ಹಂಗೇ" ಅಂದರು. ನನಗೂ ಸ್ವಲ್ಪ ಕೊಂಬು ಬಂತು. ಮುಂದಿನ ವಾರ ಹೋಗಿ ದೂರು ಹೇಳಿದರೆ ಅಲ್ಲಿನ ಹುಡುಗಿ ಜಗಳ ಮಾಡಲಿಲ್ಲ, ಬಿಲ್ ಕೇಳಿದಳು. ಬಿಲ್ಲಿನಲ್ಲಿ ಬೆಳಿಗ್ಗೆ 11.20 ಅಂತಿತ್ತು. "ಮನೆ ಮುಟ್ಟಿದ್ದು ಎಷ್ಟಕ್ಕೆ ಮೇಡಂ?" ಅಂದಳು. ನಾನು ಇವರ ಮುಖ ನೋಡಿದೆ, ಇವರು ನೆಲ ನೋಡಿದರು. ಅವತ್ತು ಇವರಿಗೆ ಅಲ್ಲಿ ಎರಡು ಏಸಿ ಕೆಲಸ ಇತ್ತು, ಪನೀರು ಸಂಜೆ ಐದರ ತನಕ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿತ್ತು. ಊರಿಗೆಲ್ಲ ಫ್ರಿಜ್ ರಿಪೇರಿ ಮಾಡುವವರ ಪನೀರಿನ ಕಥೆ ಇದು! ಮನೆಗೆ ಬಂದು ಮೊದಲು ಬರೆದದ್ದು ತಪ್ಪು ಅಂತ ಗುಂಪಿಗೆ ಹಾಕಿದೆ. ಆ ನಾಲ್ಕು ಜನ ಈ ಸಲ ಏನೂ ಬರೆಯಲಿಲ್ಲ. ಅವತ್ತೇ ಒಂದು ಥರ್ಮಾಕೋಲ್ ಪೆಟ್ಟಿಗೆ ತಗೊಂಡೆವು, ನಾಲ್ಕು ನೀರಿನ ಬಾಟಲಿ ಫ್ರೀಜರಿನಲ್ಲಿ ಕಲ್ಲಾಗಿಸಿ ಅದರಲ್ಲಿ ಹಾಕಿಕೊಂಡೇ ಹೊರಡ್ತೀವಿ. ತಣ್ಣಗಿನದನ್ನು ಕೊನೆಗೆ ಕೊಳ್ತೀವಿ, ಬಿಲ್ಲಿಗೆ ಹೋಗುವ ಮುಂಚೆ.

ಹಾಲು ಮೊಸರಿನ ತಂಟೆಗೆ ಹೋಗಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರಿನ ನಂದಿನಿ ಒಂದೇ ಹಾಲು ಒಕ್ಕೂಟದ್ದು, ನಮ್ಮ ರಾಬಕೊವಿ (ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳದ್ದು). ಎಲ್ಲ ಕಡೆ ದಿನಾ ಖಾಲಿಯಾಗುತ್ತೆ, ಹಳೇದಾಗೋಕೆ ಪುರಸೊತ್ತೇ ಇಲ್ಲ. ಅಲ್ಲಿಗೆ ತಿಳಿಯಿತು, ಬೇಗ ಖಾಲಿಯಾಗುವ ಮಾಲು ಯಾವ ಬ್ರಾಂಚಿನಲ್ಲೂ ಚೆನ್ನಾಗಿರುತ್ತೆ, ಹಾಗಾಗಿ ಆ ಊರಿನ ಜನ ಏನನ್ನ ಜಾಸ್ತಿ ತಿಂತಾರೆ ಅಂತ ನೋಡಿ ಸಾಮಾನು ತರಬೇಕು ಅಂತ. ರಾಯಚೂರಿನಲ್ಲಿ ಗೊಂಗುರ ಉಪ್ಪಿನಕಾಯಿ ಸಾಲು ಸಾಲು, ತೆಲಂಗಾಣ ಪಕ್ಕದಲ್ಲೇ ಅಲ್ವಾ, ಹೋದ ತಿಂಗಳು ತಯಾರಾದದ್ದು ಸಿಕ್ಕಿತು. ಅದೇ ಮಾರ್ಕು ಕೊಪ್ಪಳದಲ್ಲಿ ಏಳು ತಿಂಗಳ ಹಳೇದು, ಮುಚ್ಚಳದ ಮೇಲೆ ಧೂಳು. ಗಂಗಾವತಿಯಲ್ಲಿ ಅಕ್ಕಿ ಸಾಲಿನ ಕಡೆ ತಿರುಗಿ ನೋಡುವವರು ಕಮ್ಮಿ. ಸುತ್ತ ರೈಸ್‌ಮಿಲ್ಲು, ಸೋನಾ ಮಸೂರಿ ಮೂಟೆಗಟ್ಟಲೆ ಸಿಗುವಾಗ ಐದು ಕೆಜಿ ಚೀಲ ಯಾರಿಗೆ ಬೇಕು? ಅಲ್ಲಿ ಕೊಂಡ ಒಂದು ಚೀಲದಲ್ಲಿ ಹುಳ ಇತ್ತು. ಬಳ್ಳಾರಿಯಲ್ಲಿ ಅದೇ ಚೀಲ ಚೊಕ್ಕ.

ಪ್ಯಾಕೆಟ್ಟಿನ ಖಡಕ್ ರೊಟ್ಟಿ ಮಾತ್ರ ನಾಲ್ಕೂ ಊರಿನಲ್ಲಿ ಸೋತಿತು. ಕೆಳಗಿನ ಮೂರು ಪುಡಿ, ಮೇಲಿನವು ಮೆತ್ತಗೆ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಮನೆ ರೊಟ್ಟಿ ಹೇರಿಕೊಂಡು ಬರುವ ಊರು ಕೊಪ್ಪಳ. ಅಂಥ ಊರಿನ ಮಾರ್ಟಿನಲ್ಲಿ ಮೆತ್ತಗಿನ ರೊಟ್ಟಿ ಇಟ್ಟಿದ್ದಾರಲ್ಲ ಅಂತ ಅತ್ತೆಗೆ ಸಿಟ್ಟೇ ಬಂತು.

ಖರ್ಚು ತಿಂಗಳಿಗೆ ಸಾವಿರದ ಇನ್ನೂರರ ಒಳಗೆ, ಪೆಟ್ರೋಲು ಹೇಗೂ ಅವರ ಕೆಲಸದ್ದು. ತಂದದ್ದನ್ನು ತಿಂದು ಮುಗಿಸಿದ ಮೇಲೇ ಹೊಸದು ಅಂತ ಕಟ್ಟಳೆ. ಸಪ್ಪೆ ಚಟ್ನಿಪುಡಿಯೆಲ್ಲ ಒಗ್ಗರಣೆ ಮಂಡಕ್ಕಿಗೆ ಹೋಗುತ್ತೆ, ಕಮಟು ಬಂದದ್ದು ಕಸಕ್ಕೆ. ಅಂಗಡಿಯೊಳಗೆ ಫೋಟೊ ಬೇಕಾದರೆ ಕೇಳಿಯೇ ತೆಗೀತೀವಿ, ಬೇಡ ಅಂದರೆ ಬಿಲ್ಲಿನ ಹಿಂದೆ ಬ್ಯಾಚ್ ನಂಬರ್ ಬರೆದುಕೊಳ್ತೀವಿ.

ಬರುವ ಭಾನುವಾರ ರಾಯಚೂರು. ಸಿರುಗುಪ್ಪ, ಸಿಂಧನೂರು, ಮಾನ್ವಿ ಮೇಲೆ ದೂರದ ದಾರಿ, ಈ ಸಲ ಅತ್ತೆಯೂ ಬರ್ತಾರಂತೆ. ಮಾರ್ಟಿನೊಳಗೆ ಕಾಲಿಡಲ್ಲ, ಸಿರುಗುಪ್ಪದಲ್ಲಿ ಅಪ್ಪನ ಅಂಗಡಿ ಮುಂದೆ ಇಳಿಸಿಬಿಡಿ ಸಾಕು ಅಂದಿದ್ದಾರೆ. ಎರಡು ಕೆಜಿ ಶೇಂಗಾ ತರೋದಿದೆಯಂತೆ. ಕುಟ್ಟುವವರು ಯಾರು ಅಂತ ಕೇಳಿದೆ. ನನ್ನ ಕಡೆ ನೋಡಿದರು.