21ನೇ ನಂಬರಿನ ಕಾರು: ಶಾರ್ಲಟ್ ಕಡೆಗೆ ಬಂದ ಹೊಸಬರಿಗೆ

ಅಮೆರಿಕದ ನಾರ್ತ್ ಕೆರೊಲಿನಾದ ಶಾರ್ಲಟ್, ಕಾನ್‌ಕರ್ಡ್, ಮೂರ್ಸ್‌ವಿಲ್ ಕಡೆಗೆ ಹೊಸದಾಗಿ ಬಂದವರಿಗೆ ಮೊದಲ ತಿಂಗಳ ಕಾಗದಪತ್ರದ ಕೆಲಸ ಎಲ್ಲರಿಗೂ ಒಂದೇ: ಸೋಶಿಯಲ್ ಸೆಕ್ಯುರಿಟಿ ನಂಬರು, ಡಿಎಂವಿ (ಡ್ರೈವಿಂಗ್ ಲೈಸೆನ್ಸಿನ ಕಚೇರಿ), ಬ್ಯಾಂಕ್ ಖಾತೆ, ಮಕ್ಕಳ ಲಸಿಕೆ ಪಟ್ಟಿ. ಆಫೀಸಿನವರು ಹೇಳಿದ ಕ್ರಮದಲ್ಲಿ ಮುಗಿಸಿಬಿಡಿ. ಅದಕ್ಕಿಂತ ಹೆಚ್ಚು ಹೇಳುವಂಥದ್ದು ಅದರಲ್ಲಿಲ್ಲ.

ಹೇಳಬೇಕಾದ್ದು ಬೇರೆ ಇದೆ. ಫೆಬ್ರವರಿ ಮಧ್ಯದ ಒಂದು ಸೋಮವಾರ ನಿಮ್ಮ ಆಫೀಸಿನ ಕಾಫಿ ಮಷೀನಿನ ಮುಂದೆ ನಾಲ್ಕು ಜನ ನಿಂತು ಕಾರಿನ ನಂಬರುಗಳನ್ನು ಹೇಳಿಕೊಂಡು ಮಾತಾಡುತ್ತಿರುತ್ತಾರೆ. ಹಿಂದಿನ ದಿನದ ನ್ಯಾಸ್ಕಾರ್ ರೇಸಿನ ಮಾತು ಅದು, ಅಮೆರಿಕದ ಕಾರು ಓಟದ್ದು. ನೀವು ಕಾಫಿ ತುಂಬಿಸಿಕೊಂಡು ವಾಪಸ್ ಬರುತ್ತೀರಿ. ನಾವೆಲ್ಲ ಹಾಗೇ ಮಾಡಿದವರು. ವರ್ಷಗಟ್ಟಲೆ ಮಾಡಿದವರು. "ಎಡಕ್ಕೆ ತಿರುಗಿಸಿಕೊಂಡು ಸುತ್ತು ಹಾಕೋದನ್ನ ಏನು ನೋಡೋದು" ಎಂದು ನಮ್ಮ ನಮ್ಮಲ್ಲೇ ಹೇಳಿಕೊಂಡೆವು. ನಮ್ಮ ಮಕ್ಕಳ ಶಾಲೆಯಲ್ಲೇ ರೇಸ್ ತಂಡದ ಮೆಕ್ಯಾನಿಕ್, ವೆಲ್ಡರ್, ಟೈರ್ ಬದಲಿಸುವವರ ಮಕ್ಕಳು ಓದುತ್ತಾರೆ, ಬಹುಪಾಲು ತಂಡಗಳ ವರ್ಕ್‌ಶಾಪುಗಳು ಇದೇ ಸುತ್ತಮುತ್ತ ಇವೆ ಎಂಬುದನ್ನೂ ತಿಳಿದುಕೊಳ್ಳಲಿಲ್ಲ. ನಮ್ಮೂರಿಗೆ ಬಂದವರೊಬ್ಬರು ಕ್ರಿಕೆಟ್ ಮಾತು ಬಂದಾಗಲೆಲ್ಲ ಎದ್ದು ಹೋದರೆ ನಮಗೆ ಏನನ್ನಿಸುತ್ತಿತ್ತು?

ನಿಯಮವೆಲ್ಲ ಕಲಿತು ಆಮೇಲೆ ನೋಡುತ್ತೇನೆ ಎಂದರೆ ಆಗುವ ಕೆಲಸವಲ್ಲ. ಒಂದೇ ಒಂದು ರೇಸನ್ನು ಚೆನ್ನಾಗಿ ತಿಳಿದುಕೊಳ್ಳಿ, ಉಳಿದದ್ದು ಅದರ ಬೆನ್ನಿಗೆ ಬರುತ್ತದೆ. ಅದಕ್ಕೆ 2011ರ ಡೇಟೋನಾ 500ಕ್ಕಿಂತ, ಅಂದರೆ ಫ್ಲೋರಿಡಾದ ಡೇಟೋನಾದಲ್ಲಿ ನಡೆಯುವ 500 ಮೈಲಿಯ ರೇಸಿಗಿಂತ, ಒಳ್ಳೆಯದು ಬೇರೆ ಇಲ್ಲ.

ಆ ದಿನ ಫೆಬ್ರವರಿ 20, ಭಾನುವಾರ. ಹಿಂದಿನ ದಿನವಷ್ಟೇ ಟ್ರೆವರ್ ಬೇನ್ ಎಂಬ ಟೆನೆಸಿಯ ನಾಕ್ಸ್‌ವಿಲ್ ಹುಡುಗನಿಗೆ 20 ತುಂಬಿತ್ತು. ನ್ಯಾಸ್ಕಾರಿನ ಎಲ್ಲಕ್ಕಿಂತ ಮೇಲಿನ ಕಪ್ ಸರಣಿಯಲ್ಲಿ ಅವನಿಗೆ ಅದು ಎರಡನೆಯ ರೇಸ್, ಅಷ್ಟೇ. 43 ಕಾರುಗಳಲ್ಲಿ 32ನೆಯ ಸ್ಥಾನದಿಂದ ಹೊರಟ. ಅವನಿಗೆ 21ನೇ ನಂಬರಿನ ಕಾರು ಕೊಟ್ಟದ್ದು ವುಡ್ ಬ್ರದರ್ಸ್ ತಂಡ. ವರ್ಜೀನಿಯಾದ ಸ್ಟುವರ್ಟ್ ಎಂಬ ಬೆಟ್ಟದ ತಪ್ಪಲಿನ ಸಣ್ಣ ಊರಿನಲ್ಲಿ, ಮರದ ವ್ಯಾಪಾರ ಮಾಡುತ್ತಿದ್ದ ಗ್ಲೆನ್ ವುಡ್ 1950ರಲ್ಲಿ ಕಟ್ಟಿದ ತಂಡ ಅದು. ಪಿಟ್ ನಿಲುಗಡೆಯನ್ನು (ರೇಸಿನ ನಡುವೆ ಟೈರು, ಪೆಟ್ರೋಲಿಗೆ ನಿಲ್ಲುವುದನ್ನು) ಸೆಕೆಂಡು ಲೆಕ್ಕದ ಕಸುಬಾಗಿ ಮಾಡಿದವರು ಗ್ಲೆನ್, ಅವರ ತಮ್ಮ ಲೆನರ್ಡ್ ಮತ್ತು ಅವರ ಮನೆಯವರು. 1965ರ ಇಂಡಿಯಾನಾಪೊಲಿಸ್ 500ರಲ್ಲಿ ಜಿಮ್ ಕ್ಲಾರ್ಕ್ ಗೆದ್ದಾಗ ಪಿಟ್‌ನಲ್ಲಿ ದುಡಿದವರೂ ಇವರೇ. ಆದರೆ 2011ರ ಹೊತ್ತಿಗೆ ತಂಡದ ಕೈ ಸೋತಿತ್ತು. 2001ರಲ್ಲಿ ಬ್ರಿಸ್ಟಲ್‌ನಲ್ಲಿ ಗೆದ್ದದ್ದೇ ಕೊನೆ. ವರ್ಷದ ಎಲ್ಲ ರೇಸಿಗೂ ಹೋಗುವಷ್ಟು ದುಡ್ಡಿಲ್ಲದೆ, ಆಯ್ದ ಕೆಲವಕ್ಕೆ ಮಾತ್ರ ಕಾರು ಕಳಿಸುತ್ತಿದ್ದರು.

ಈಗ ಆ ವರ್ಷದ ಓಟದ ಗುಟ್ಟು. ಇದು ಗೊತ್ತಾದರೆ "ಸುಮ್ಮನೆ ಸುತ್ತುತ್ತಾರೆ" ಎಂಬ ಮಾತು ಮತ್ತೆ ಬಾಯಿಗೆ ಬರುವುದಿಲ್ಲ.

ಡೇಟೋನಾ ಎರಡೂವರೆ ಮೈಲಿಯ ಟ್ರ್ಯಾಕು, ತಿರುವುಗಳಲ್ಲಿ ರಸ್ತೆ 31 ಡಿಗ್ರಿ ವಾಲಿಕೊಂಡಿರುತ್ತದೆ. ವೇಗ ಕೈಮೀರಬಾರದೆಂದು ಎಂಜಿನ್ನಿಗೆ ಹೋಗುವ ಗಾಳಿಯ ದಾರಿಯಲ್ಲಿ ತೂತು ಕೊರೆದ ಒಂದು ತಗಡು ಕೂರಿಸುತ್ತಿದ್ದರು. ಎಂಜಿನ್ನಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಬಲ ಕಡಿಮೆಯಾದಾಗ ಗಾಳಿಯೇ ದೊಡ್ಡ ಶತ್ರು. 2010ರ ರೇಸಿನಲ್ಲಿ ಡಾಂಬರು ಕಿತ್ತು ಗುಂಡಿ ಬಿದ್ದು ಎರಡು ಗಂಟೆಗೂ ಹೆಚ್ಚು ಓಟ ನಿಂತದ್ದರಿಂದ ಇಡೀ ಟ್ರ್ಯಾಕಿಗೆ ಹೊಸ ಡಾಂಬರು ಹಾಕಿದ್ದರು. ನೆಲ ಕನ್ನಡಿಯಂತೆ ನುಣುಪಾಯಿತು. ಆಗ ಚಾಲಕರು ಒಂದು ಉಪಾಯ ಕಂಡುಕೊಂಡರು. ಹಿಂದಿನ ಕಾರಿನ ಮೂತಿಯನ್ನು ಮುಂದಿನ ಕಾರಿನ ಬಂಪರಿಗೆ ಒತ್ತಿ, ಬಿಡದೆ ತಳ್ಳಿಕೊಂಡೇ ಹೋಗುವುದು. ಜೋಡಿ ಓಟ. ಮುಂದಿನದು ಗಾಳಿ ಸೀಳುತ್ತದೆ, ಹಿಂದಿನದು ತನ್ನ ಬಲವನ್ನೂ ಅದಕ್ಕೆ ಕೊಡುತ್ತದೆ. ಒಂಟಿ ಕಾರು ಆ ಜೋಡಿಯನ್ನು ಹಿಡಿಯಲು ಸಾಧ್ಯವೇ ಇಲ್ಲ. ರೇಸಿಗೆ ಮುಂಚಿನ ದಿನಗಳಲ್ಲಿ ಜೋಡಿಗಳು ಗಂಟೆಗೆ 200 ಮೈಲಿ ದಾಟಿದ್ದು ಕಂಡು ಅಧಿಕಾರಿಗಳು ತಗಡಿನ ತೂತನ್ನು ಇಂಚಿನ 1/64 ಭಾಗ ಕಿರಿದು ಮಾಡಿದರು, ಮೂತಿಯ ಗಾಳಿಕಂಡಿಯನ್ನೂ ಚಿಕ್ಕದು ಮಾಡಿದರು.

ಗಾಳಿಕಂಡಿ ಯಾಕೆ? ಅಂಟಿಕೊಂಡು ತಳ್ಳುವ ಕಾರಿನ ರೇಡಿಯೇಟರಿಗೆ ಗಾಳಿ ಸಿಗುವುದಿಲ್ಲ, ನೀರು ಕುದಿಯುತ್ತದೆ. ಕೆಲವು ಸುತ್ತಾದ ಮೇಲೆ ಬಿಟ್ಟು, ಸ್ಥಾನ ಅದಲು ಬದಲು ಮಾಡಿಕೊಳ್ಳಲೇಬೇಕು. ಆ ಅದಲು ಬದಲಿನಲ್ಲಿ ವೇಗ ಕುಸಿಯುತ್ತದೆ, ಬೇರೆ ಜೋಡಿಗಳು ನುಗ್ಗುತ್ತವೆ. ಅಷ್ಟೇ ಅಲ್ಲ, ತಳ್ಳುವವನ ಕಣ್ಣಿಗೆ ಮುಂದಿನ ಕಾರಿನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಮೇಲೆ ಛಾವಣಿಯಲ್ಲಿ ನಿಂತ ಸ್ಪಾಟರ್ ರೇಡಿಯೋದಲ್ಲಿ ಹೇಳಿದಂತೆ, ಮುಂದಿನವನ ಮೇಲೆ ಪೂರ್ತಿ ನಂಬಿಕೆಯಿಟ್ಟು ಕಾಲು ಒತ್ತಿಕೊಂಡಿರಬೇಕು. ಬಂಪರ್ ಸ್ವಲ್ಪ ಓರೆಯಾಗಿ ತಾಗಿದರೆ ಮುಂದಿನ ಕಾರು ತಿರುಗಿ ಬೀಳುತ್ತದೆ, ಹತ್ತಾರು ಕಾರು ಅದರ ಜೊತೆ ಹೋಗುತ್ತವೆ. ಹಾಗಾಗಿ ಹೊಸಬನ ಜೊತೆ ಜೋಡಿಯಾಗಲು ಯಾರಿಗೂ ಮನಸ್ಸಿರುವುದಿಲ್ಲ. ಈ ಸರಣಿಯಲ್ಲಿ ಹೊಸ ಚಾಲಕರ ಹಿಂದಿನ ಬಂಪರಿಗೆ ಹಳದಿ ಪಟ್ಟಿ ಹಚ್ಚುವ ಪದ್ಧತಿಯೇ ಇದೆ, ನಮ್ಮ ಕೆಂಪು "ಎಲ್" ಬೋರ್ಡಿನ ಹಾಗೆ. ಬೇನ್‌ಗೆ ಒದಗಿಬಂದದ್ದು ಅದೇ ವಾರದ ಅರ್ಹತಾ ರೇಸ್. ಅಲ್ಲಿ ನಾಲ್ಕು ಬಾರಿಯ ಚಾಂಪಿಯನ್ ಜೆಫ್ ಗಾರ್ಡನ್ ಅವನ ಜೊತೆ ಜೋಡಿಯಾಗಿ ಓಡಿದ್ದರು. ಹುಡುಗ ನೇರವಾಗಿ ತಳ್ಳುತ್ತಾನೆ, ಗಾಬರಿಬೀಳುವುದಿಲ್ಲ ಎಂಬುದನ್ನು ಉಳಿದವರೂ ಕಂಡಿದ್ದರು.

ಅದು ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಇದೇ ರೇಸಿನ ಕೊನೆಯ ಸುತ್ತಿನಲ್ಲಿ ತೀರಿಕೊಂಡು ಹತ್ತು ವರ್ಷವಾದ ಸಂದರ್ಭ. ಮೂರನೆಯ ಸುತ್ತಿನಲ್ಲಿ ಪ್ರೇಕ್ಷಕರೆಲ್ಲ ಎದ್ದು ಮೂರು ಬೆರಳು ಎತ್ತಿ ಮೌನವಾಗಿ ನಿಂತರು. ಅವರ ಕಾರಿನ ನಂಬರು 3. ಆ ಸುತ್ತು ಮುಗಿಯುವವರೆಗೆ ಟಿವಿಯಲ್ಲಿ ವೀಕ್ಷಕ ವಿವರಣೆಯೂ ಇರಲಿಲ್ಲ. ಹಳೆಯ ಚಿತ್ರಣ ಸಿಕ್ಕರೆ ಈ ಭಾಗವನ್ನು ಬಿಡದೆ ನೋಡಿ. ಇಲ್ಲಿಯ ಜನಕ್ಕೆ ಈ ಆಟ ಏನು ಎಂಬುದು ಅಲ್ಲಿ ಕಾಣುತ್ತದೆ.

200 ಸುತ್ತಿನ ರೇಸು ಕೊನೆಯ ಅಪಘಾತಗಳಿಂದ 208ಕ್ಕೆ ಎಳೆಯಿತು. ಅಪಘಾತವಾದಾಗ ಎಲ್ಲರೂ ನಿಧಾನವಾಗಿ ಸಾಗುವ ಹಳದಿ ಬಾವುಟದಡಿಯಲ್ಲಿ ಗೆಲುವು ನಿರ್ಧಾರವಾಗಬಾರದೆಂದು ಹೆಚ್ಚುವರಿ ಎರಡು ಸುತ್ತು ಓಡಿಸುವ ನಿಯಮವಿದೆ. ಅದರ ಮೊದಲ ಯತ್ನಕ್ಕೆ ಡೇವಿಡ್ ರೇಗನ್ ಎಲ್ಲರಿಗಿಂತ ಮುಂದಿದ್ದ. ಮರುಚಾಲನೆಯಲ್ಲಿ ಆರಂಭದ ಗೆರೆ ದಾಟುವವರೆಗೆ ಯಾರೂ ಲೇನ್ ಬದಲಿಸುವಂತಿಲ್ಲ. ರೇಗನ್, ಬೇನ್ ತನ್ನನ್ನು ತಳ್ಳಲಿ ಎಂದು ಅವಸರಪಟ್ಟು ಗೆರೆಗೆ ಮೊದಲೇ ಅವನ ಮುಂದಕ್ಕೆ ಸರಿದ. ಶಿಕ್ಷೆಯ ಕಪ್ಪು ಬಾವುಟ ಬಂತು, ಗೆಲುವು ಹೋಯಿತು. ಮತ್ತೆ ಅಪಘಾತ, ಮತ್ತೆ ಮರುಚಾಲನೆ. ಈ ಸಲ ಎಲ್ಲರ ಮುಂದೆ ನಿಂತಿದ್ದವನು ಬೇನ್. ತಳ್ಳಲು ಬಂದವನಿಗೆ ದಾರಿ ತೋರಿಸಬೇಕಾದ ಸರದಿ ಈಗ ಅವನದು. ಬಾಬಿ ಲಬಾಂಟಿ ಹಿಂದಿನಿಂದ ತಳ್ಳಿದರು. ಕೊನೆಯ ತಿರುವಿನಿಂದ ಕಾರ್ಲ್ ಎಡ್ವರ್ಡ್ಸ್ ಡೇವಿಡ್ ಗಿಲಿಲ್ಯಾಂಡ್‌ನ ನೂಕುಬಲದಲ್ಲಿ ಏರಿಬಂದ. ಬೇನ್ ತನ್ನ ಗೆರೆ ಬಿಡಲಿಲ್ಲ. ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಅಂತರದಲ್ಲಿ ಗೆದ್ದ.

ಗೆದ್ದ ಮೇಲೆ ಅವನಿಗೆ ವಿಜಯದ ಅಂಗಳಕ್ಕೆ ಹೋಗುವ ತಿರುವು ಗೊತ್ತಿರಲಿಲ್ಲ. ಅಲ್ಲಿಗೆ ಹೋಗಬೇಕಾಗಿ ಬರುತ್ತದೆಂದು ಅವನೂ ಎಣಿಸಿರಲಿಲ್ಲ, ಅವನಿಗೆ ಹೇಳಿಕೊಡಬೇಕೆಂದು ಬೇರೆಯವರಿಗೂ ತೋಚಿರಲಿಲ್ಲ. ದಾರಿ ತಪ್ಪಿ ಮುಂದೆ ಹೋಗಿ, ಕೇಳಿಕೊಂಡು ಬಂದ. 85 ವರ್ಷದ ಗ್ಲೆನ್ ವುಡ್ ಅಲ್ಲಿದ್ದರು. ಡೇಟೋನಾ 500 ಗೆದ್ದವರಲ್ಲಿ ಅವನಷ್ಟು ಚಿಕ್ಕವರು ಅದುವರೆಗೆ ಇರಲಿಲ್ಲ. ಹಿಂದಿನ ದಾಖಲೆ 1997ರಲ್ಲಿ 25 ವರ್ಷದ ಗಾರ್ಡನ್ ಅವರದೇ. ಆ ವರ್ಷ ಬೇನ್ ಕೆಳಗಿನ ಸರಣಿಗೆ ಹೆಸರು ಕೊಟ್ಟಿದ್ದರಿಂದ ಕಪ್ ಪಟ್ಟಿಯಲ್ಲಿ ಒಂದು ಪಾಯಿಂಟೂ ಸಿಗಲಿಲ್ಲ. ಕಪ್ ಸರಣಿಯಲ್ಲಿ ಮುಂದೆ ಅವನು ಮತ್ತೆ ಗೆಲ್ಲಲೂ ಇಲ್ಲ. ರೇಗನ್ ಅದೇ ವರ್ಷ ಜುಲೈನಲ್ಲಿ ಅದೇ ಟ್ರ್ಯಾಕಿನಲ್ಲಿ ಗೆದ್ದ ಎಂಬುದನ್ನೂ ನೆನಪಿಡಿ, ಮಾತಿನಲ್ಲಿ ಆ ಹೆಸರು ಬಂದೇ ಬರುತ್ತದೆ.

ವಯಸ್ಸಾದವರ ಜೊತೆ ಮಾತಾಡುವಾಗ 1963 ಎತ್ತಿಕೊಳ್ಳಿ. ವುಡ್ ಬ್ರದರ್ಸ್ ಚಾಲಕ ಮಾರ್ವಿನ್ ಪಾಂಚ್ ಡೇಟೋನಾದಲ್ಲಿ ಬೇರೊಂದು ಕಾರು ಪರೀಕ್ಷಿಸುವಾಗ ಅದು ಮಗುಚಿ ಬೆಂಕಿ ಹತ್ತಿತು. ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದಿದ್ದ ದೈತ್ಯದೇಹಿ ಟೈನಿ ಲಂಡ್ ಇನ್ನೂ ಕೆಲವರೊಂದಿಗೆ ಬೆಂಕಿಗೆ ನುಗ್ಗಿ ಪಾಂಚ್‌ರನ್ನು ಎಳೆದು ತಂದ. ಆಸ್ಪತ್ರೆಯ ಹಾಸಿಗೆಯಿಂದ ಪಾಂಚ್, ನನ್ನ ಕಾರು ಅವನಿಗೆ ಕೊಡಿ ಎಂದರು. ಲಂಡ್ ಉಳಿದವರಿಗಿಂತ ಒಂದು ನಿಲುಗಡೆ ಕಡಿಮೆ ಮಾಡಿ, ಪೆಟ್ರೋಲು ಉಳಿಸಿ, ಅದೇ 21ನೇ ನಂಬರಿನಲ್ಲಿ ಡೇಟೋನಾ 500 ಗೆದ್ದ.

ಇನ್ನು ಟ್ರ್ಯಾಕಿಗೆ ಹೋಗುವ ಮಾತು. ಮೊದಲ ಸಲಕ್ಕೆ ಡೇಟೋನಾ ಬೇಡ. ಶಾರ್ಲಟ್‌ನಿಂದ ಕಾರಿನಲ್ಲಿ ಏಳೆಂಟು ಗಂಟೆ. ಮಳೆ ಬಂದರೆ ಇಂಥ ದೊಡ್ಡ ಓವಲ್ (ಮೊಟ್ಟೆಯಾಕಾರದ) ಟ್ರ್ಯಾಕಿನಲ್ಲಿ ಓಟವಿಲ್ಲ, 2012ರಲ್ಲೂ 2024ರಲ್ಲೂ ಸೋಮವಾರಕ್ಕೆ ಹೋಯಿತು. ಹೋಗುವುದೇ ಆದರೆ ಸೋಮವಾರದ ರಜೆ ಮೊದಲೇ ಹಾಕಿ. ಮೇ ಕೊನೆಯ ಸೋಮವಾರ ಮೆಮೋರಿಯಲ್ ಡೇ, ಮಡಿದ ಸೈನಿಕರನ್ನು ನೆನೆಯುವ ದಿನ. ಅದರ ಹಿಂದಿನ ದಿನ, ಭಾನುವಾರ, ಕಾನ್‌ಕರ್ಡ್‌ನಲ್ಲೇ 600 ಮೈಲಿಯ ರೇಸಿದೆ. ಅಲ್ಲಿಂದ ಶುರು ಮಾಡಿ.

ಟಿಕೆಟ್ ಕೊಳ್ಳುವಾಗ ನಾವು ಮಾಡಿದ ತಪ್ಪು ಮಾಡಬೇಡಿ. ಮುಂದಿನ ಸಾಲು ಎಂದರೆ ಹತ್ತಿರದಿಂದ ಕಾಣುತ್ತದೆ ಎಂದುಕೊಂಡೆವು. ಇದು ನಮ್ಮ ಸಿನಿಮಾ ಟಾಕೀಸಿನ ಲೆಕ್ಕ: ಮುಂದಿನದು ಗಾಂಧಿ ಕ್ಲಾಸು, ಹಿಂದಿನದು ಬಾಲ್ಕನಿ. ಕೆಳಗೆ ಕೂತರೆ ಬೇಲಿಯಾಚೆ ಬಣ್ಣದ ಗೆರೆ ಹಾದುಹೋದಂತೆ ಮಾತ್ರ ಕಾಣುತ್ತದೆ, ಟೈರಿನ ರಬ್ಬರ್ ಚೂರು ತಲೆಮೇಲೆ ಬೀಳುತ್ತದೆ. ಮೇಲಿನ ಸಾಲು ಹಿಡಿಯಿರಿ, ಇಡೀ ಟ್ರ್ಯಾಕು ಕಾಣಬೇಕು.

ಕಿವಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹತ್ತಿ ಸಾಲದು. ದೊಡ್ಡವರಿಗೆ ಸ್ಪಂಜಿನ ಇಯರ್‌ಪ್ಲಗ್: ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿಹಿಡಿಯಿರಿ. ಬರೀ ತುದಿ ಸಿಕ್ಕಿಸಿದರೆ ಉಪಯೋಗವಿಲ್ಲ. ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್, ಹೊರಡುವ ಒಂದು ವಾರ ಮೊದಲೇ ಮನೆಯಲ್ಲಿ ಹಾಕಿಸಿ ರೂಢಿ ಮಾಡಿಸಿ. ಅಲ್ಲಿ ಮೊದಲ ಸಲ ಹಾಕಿದರೆ ಕಿತ್ತೆಸೆಯುತ್ತಾರೆ. ಕೈಕೂಸುಗಳನ್ನು ಕರೆದೊಯ್ಯಲೇಬೇಡಿ. ಬಾಗಿಲ ಬಳಿ ಸ್ಕ್ಯಾನರ್ (ತಂಡಗಳ ರೇಡಿಯೋ ಮಾತು ಕೇಳಿಸುವ ಯಂತ್ರ) ಬಾಡಿಗೆಗೆ ಸಿಗುತ್ತದೆ. ಒಂದೇ ಸ್ಕ್ಯಾನರಿಗೆ ಎರಡು ಹೆಡ್‌ಫೋನ್ ಹಾಕಿ, ನೀವೂ ಮಗುವೂ ಒಬ್ಬನೇ ಚಾಲಕನ ಮತ್ತು ಅವನ ಸ್ಪಾಟರ್‌ನ ಮಾತು ಕೇಳಿ. ನಲವತ್ತು ಕಾರುಗಳ ಗದ್ದಲದಲ್ಲಿ ಒಬ್ಬ ಮನುಷ್ಯ ಸಿಗುತ್ತಾನೆ.

ಊಟ ಒಯ್ಯಬಹುದು. ಈ ದೇಶದ ಎಲ್ಲ ಕ್ರೀಡಾಂಗಣಗಳಲ್ಲೂ ಇದಕ್ಕೆ ಬಿಡುವುದಿಲ್ಲ. ಸಾಮಾನ್ಯವಾಗಿ ಉದ್ದ, ಅಗಲ, ಎತ್ತರ 14 ಇಂಚು ಮೀರದ ಮೆತ್ತನೆಯ ಕೂಲರ್ ಬಿಡುತ್ತಾರೆ, ಗಾಜು ಬಿಡುವುದಿಲ್ಲ. ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ. 600 ಮೈಲಿಯ ರೇಸು ಸಂಜೆ ಶುರುವಾಗಿ ರಾತ್ರಿ ಹತ್ತು ದಾಟುತ್ತದೆ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದು ಚಮಚ ಮಾತ್ರ ಹಾಕಿ ಕಲಸಿದರೆ ಹುಳಿಯಾಗದೆ ಉಳಿಯುತ್ತದೆ. ಪುಳಿಯೋಗರೆ ಹೇಗೂ ಕೆಡುವುದಿಲ್ಲ. ರೇಸಿಗೆ ಮೊದಲು ಪ್ರಾರ್ಥನೆ, ರಾಷ್ಟ್ರಗೀತೆ ಇರುತ್ತದೆ. ಎದ್ದು, ಟೋಪಿ ತೆಗೆದು ನಿಲ್ಲಿ. ಅವತ್ತು ಕಾರುಗಳ ಗಾಜಿನ ಮೇಲೆ ಮಡಿದ ಸೈನಿಕರ ಹೆಸರುಗಳಿರುತ್ತವೆ. ಅವನ್ನು ಓದಿ, ಮಕ್ಕಳಿಗೂ ಹೇಳಿ.

ಮಕ್ಕಳ ಮಾತು ಬಂತು. ಮಂಗಳೂರು, ಉಡುಪಿ ಕಡೆಯವರಿಗೆ ಕಂಬಳದಲ್ಲಿ ಯಾವ ಮನೆಯ ಕೋಣ ಯಾವ ವರ್ಷ ಯಾವ ಕರೆಯಲ್ಲಿ (ಓಟದ ಹಾದಿಯಲ್ಲಿ) ಓಡಿ ಗೆದ್ದಿತೆಂಬುದು ಬಾಯಿಪಾಠ. ಅದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ, ಕಂಬಳದ ಗದ್ದೆಯ ಬದುವಿನಲ್ಲಿ ಅಜ್ಜನ ಹೆಗಲ ಮೇಲೆ ಕೂತು ಬಂದದ್ದು. ಆ ಬದು ನಮ್ಮ ಮಕ್ಕಳಿಗೆ ಇಲ್ಲ. ರಜೆಯ ಮೂರು ವಾರದಲ್ಲಿ ಅದನ್ನು ಕೊಡಲು ಆಗುವುದೂ ಇಲ್ಲ. ಇದು ದೊಡ್ಡ ನಷ್ಟ, ಇದಕ್ಕೆ ಪರಿಹಾರವಿದೆ ಎಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ಹುಟ್ಟಿದ ನೆಲದ ಕಥೆಯೂ ಇಲ್ಲ, ಬೆಳೆದ ನೆಲದ ಕಥೆಯೂ ಇಲ್ಲ ಎಂಬಂತೆ ಅವರನ್ನು ಬೆಳೆಸಿದರೆ ಅದು ನಮ್ಮದೇ ತಪ್ಪು. ಆ ತಪ್ಪು ನಮ್ಮಲ್ಲಿ ಅನೇಕರು ಮಾಡಿದ್ದೇವೆ.

ಹಾಗಾಗಿ ಒಂದು ಶನಿವಾರ ಐ-77 ಹಿಡಿದು ಉತ್ತರಕ್ಕೆ, ಮೌಂಟ್ ಏರಿ ದಾಟಿ ಸ್ಟುವರ್ಟ್‌ಗೆ ಹೋಗಿ ಬನ್ನಿ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ವುಡ್ ಬ್ರದರ್ಸ್ ಮ್ಯೂಸಿಯಂ ಅಲ್ಲಿದೆ, ತೆರೆದಿರುವ ದಿನ ವಿಚಾರಿಸಿಕೊಂಡು ಹೊರಡಿ. 2024ರ ಆಗಸ್ಟಿನಲ್ಲಿ ಡೇಟೋನಾದಲ್ಲಿ ಹ್ಯಾರಿಸನ್ ಬರ್ಟನ್ ಗೆದ್ದಾಗ ಈ ತಂಡಕ್ಕೆ ನೂರು ಗೆಲುವು ಪೂರ್ತಿಯಾಯಿತು. ಮುಂದಿನ ವರ್ಷಕ್ಕೆ ಆ ಸೀಟು ತನಗಿಲ್ಲವೆಂದು ಅವನಿಗೆ ಮೊದಲೇ ತಿಳಿದಿತ್ತು. ಅಲ್ಲಿಂದ ಅರ್ಧ ಮುಕ್ಕಾಲು ಗಂಟೆಯ ಮಾರ್ಟಿನ್ಸ್‌ವಿಲ್ ಟ್ರ್ಯಾಕಿನಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ನ್ಯಾಸ್ಕಾರಿನ ಟ್ರಕ್ ಸರಣಿಯಲ್ಲಿ ಓಡಿದ್ದರು. ಅಲ್ಲಿ ಹೆಸರುವಾಸಿಯಾದ ಕೆಂಪು ಹಾಟ್ ಡಾಗ್ ಮಾಂಸದ್ದು, ಸಸ್ಯಾಹಾರಿಗಳು ಬುತ್ತಿ ಒಯ್ಯಿರಿ.

ಕೊನೆಯದಾಗಿ, ರೇಸ್ ಮುಗಿದ ತಕ್ಷಣ ಪಾರ್ಕಿಂಗ್ ಕಡೆ ಓಡಬೇಡಿ. ಒಂದು ಗಂಟೆ ಕಾರು ಅಲ್ಲಾಡುವುದಿಲ್ಲ. ಡಿಕ್ಕಿ ತೆರೆದು, ಮಡಚುವ ಕುರ್ಚಿ ಹಾಕಿ, ಉಳಿದ ಡಬ್ಬಿ ಬಿಚ್ಚಿ. ಪಕ್ಕದ ಟ್ರಕ್ಕಿನವರು ತಾವಾಗಿಯೇ ಮಾತಿಗೆ ಬರುತ್ತಾರೆ, ನಿಮ್ಮ ತಟ್ಟೆಯಲ್ಲಿರುವುದು ಏನೆಂದು ಕೇಳುತ್ತಾರೆ. ಒಂದು ತಟ್ಟೆ ಅವರಿಗೂ ಹಾಕಿಕೊಡಿ, ಖಾರ ಇದೆ ಎಂದು ಮೊದಲೇ ಹೇಳಿ. ಆಮೇಲೆ ಕೇಳಿ: ಆ ಹುಡುಗ 21ನೇ ನಂಬರಿನಲ್ಲಿ ಗೆದ್ದ ದಿನ ನೀವು ಎಲ್ಲಿದ್ದಿರಿ?