ಮರೆವಿನ ಕಾಯಿಲೆಯ ಅಧ್ಯಯನಕ್ಕೆ ಆಯಿಯನ್ನು ಸೇರಿಸುವ ಮುಂಚೆ

"ನಿಮ್ಮ ಆಯಿಯನ್ನ ಅದೇನೋ ರಿಸರ್ಚ್‌ಗೆ ಸೇರಿಸಿದ್ರಂತಲ್ಲ, ನಮ್ಮ ಅಪ್ಪಯ್ಯಂಗೂ ಹಂಗೇ ಆಗಿದೆ, ಸೇರಿಸಬಹುದಾ?" ಮದುವೆ ಮನೆಯಲ್ಲಿ, ಸೊಸೈಟಿಯಲ್ಲಿ, ಕುಮಟಾ ಬಸ್ಸಿನಲ್ಲಿ ಈ ಪ್ರಶ್ನೆಯನ್ನು ನನಗೆ ಎಷ್ಟೋ ಜನ ಕೇಳಿದ್ದಾರೆ. ಆಯಿ ಅಂದರೆ ನನ್ನ ಅಮ್ಮ. ಸೇರಿಸಬಹುದು. ಆದರೆ ಬೇರೆಲ್ಲದಕ್ಕಿಂತ ಮೊದಲು ಒಂದು ಮಾತು. ಅವರಿಗೆ ಹೂಂ ಅಥವಾ ಬೇಡ ಅಂತ ತಾವೇ ಹೇಳಲು ಬರುವಾಗಲೇ ಈ ವಿಷಯ ಎತ್ತಿ. ನಾವು "ವಯಸ್ಸಾಯ್ತು, ಮರೆವು ಇದ್ದಿದ್ದೇ" ಅಂತ ಎರಡು ವರ್ಷ ಸುಮ್ನೆ ಕಳೆದೆವು. ಅಪ್ಪೆಮಿಡಿ ಭರಣಿಗೆ ಆಯಿ ಒಂದೇ ದಿನ ಮೂರು ಸಲ ಉಪ್ಪು ಹಾಕಿದಾಗಲೂ ನಕ್ಕು ಬಿಟ್ಟಿದ್ದೆವು. ಆ ಎರಡು ವರ್ಷ ನಮಗೆ ಮತ್ತೆ ಸಿಗಲಿಲ್ಲ.

ಮೊದಲು ಕಾಯಿಲೆ ಯಾವುದು ಅಂತ ಗೊತ್ತಾಗಬೇಕು. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಅನ್ನುವುದು ಒಂದೇ ಕಾಯಿಲೆ ಅಲ್ಲ, ಆಲ್ಜೈಮರ್ ಅದರಲ್ಲಿ ಒಂದು, ಜಾಸ್ತಿ ಕಾಣುವುದು ಅದೇ. ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಖಿನ್ನತೆ ಇದ್ದರೂ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೂ, ನಿದ್ದೆ ಮಾತ್ರೆ ಜಾಸ್ತಿಯಾದರೂ ಮರೆವು ಬರುತ್ತದೆ. ಇವುಗಳಲ್ಲಿ ಹಲವನ್ನು ಸರಿಪಡಿಸಬಹುದು. ಹಾಗಾಗಿ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ, ಹುಬ್ಬಳ್ಳಿ, ಮಣಿಪಾಲದಲ್ಲೋ, ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲೋ ಒಮ್ಮೆ ಪೂರ್ತಿ ತೋರಿಸಿ. ಆ ಕಾಗದಗಳಿಲ್ಲದೆ ರೋಗಿಯನ್ನು ಔಷಧದ ಅಧ್ಯಯನಕ್ಕೆ ತೆಗೆದುಕೊಳ್ಳುವುದಿಲ್ಲ.

ಪರೀಕ್ಷೆ ಮಾಡುವಾಗ ಭಾಷೆಯ ಬಗ್ಗೆ ಗಟ್ಟಿಯಾಗಿ ಕೇಳಿ. ನಾವು ಮೊದಲು ಹೋದ ಕಡೆ ಒಬ್ಬ ಹುಡುಗ ಆಯಿಯ ಎದುರು ಕೂತು "ಇವತ್ತು ತಾರೀಖು ಎಷ್ಟು?" ಅಂದ. ಆಯಿ ಗೋಡೆ ನೋಡಿದಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಆಮೇಲೆ "ನಾಳೆ ಏಕಾದಶಿ ಅಲ್ದಾ?" ಅಂದಳು. ಸರಿಯಾಗಿಯೇ ಇತ್ತು. ಹುಡುಗ ಸೊನ್ನೆ ಬರೆದ. "ಇದು ಎಷ್ಟನೇ ಮಹಡಿ?" ಅಂತ ಕೇಳಿದ್ದಕ್ಕೆ, ಜನ್ಮವೆಲ್ಲ ಹೆಂಚಿನ ಮನೆಯಲ್ಲೇ ಇದ್ದವಳು ಏನು ಹೇಳಬೇಕು? ಅಲ್ಲೂ ಸೊನ್ನೆ. ಈ ಅಂಕದ ಮೇಲೇ ಅಧ್ಯಯನಕ್ಕೆ ತೆಗೆದುಕೊಳ್ಳುವುದು, ಬಿಡುವುದು ನಿಂತಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ನಮ್ಮ ಜನಕ್ಕೆ ಹೊಂದುವ ಪರೀಕ್ಷೆಗಳನ್ನು ಐದು ಭಾಷೆಗಳಲ್ಲಿ ಮಾಡಿಸಿದೆ, ಅದರಲ್ಲಿ ಕನ್ನಡವೂ ಇದೆ. "ಕನ್ನಡದ ಪರೀಕ್ಷೆ ಇದೆಯಾ, ಇವರು ಓದಿದ್ದು ನಾಲ್ಕನೇ ಕ್ಲಾಸು ಅಂತ ಬರೆದುಕೊಂಡಿದ್ದೀರಾ?" ಅಂತ ಕೇಳಲು ನಾಚಿಕೆ ಬೇಡ. ಮನೆಯಲ್ಲಿ ಕೊಂಕಣಿಯೋ ನವಾಯತಿಯೋ ಆಡುವವರಾದರೆ ಇನ್ನೂ ಮುಂಚೆಯೇ ಹೇಳಿ.

ಅಧ್ಯಯನ ಅಂದ ತಕ್ಷಣ ಹೊಸ ಇಂಜೆಕ್ಷನ್ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಸುಮಾರು ಅಧ್ಯಯನಗಳಲ್ಲಿ ಔಷಧವೇ ಇರುವುದಿಲ್ಲ. ವರ್ಷಕ್ಕೊಮ್ಮೆ ರಕ್ತ, ಸ್ಕ್ಯಾನ್, ನೆನಪಿನ ಪರೀಕ್ಷೆ ಮಾಡಿ ಏನೇನು ಬದಲಾಗುತ್ತದೆ ಅಂತ ನೋಡುತ್ತಾರೆ. ಆಯಿಯನ್ನು ಸೇರಿಸಿದ್ದೂ ಇಂಥದ್ದಕ್ಕೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಹೀಗೆ ನೋಡಬೇಕು ಅಂತ ಹೊರಟಿದ್ದಾರೆ. ಅದು ಆ ಊರಿನವರಿಗೆ, ನಮಗಲ್ಲ. ಇನ್ನು ಕೆಲವು ವ್ಯಾಯಾಮ, ಊಟ, ಬಿಪಿ ಹಿಡಿತದ ಮೇಲೆ ನಡೆಯುತ್ತವೆ. ಫಿನ್ಲೆಂಡಿನಲ್ಲಿ 60 ರಿಂದ 77 ವಯಸ್ಸಿನ 1,260 ಜನರ ಮೇಲೆ ಎರಡು ವರ್ಷ ಇಂಥದ್ದು ಮಾಡಿ 2015ರಲ್ಲಿ ಒಳ್ಳೆ ಫಲಿತಾಂಶ ತೋರಿಸಿದರು. ನೋಡಿಕೊಳ್ಳುವ ನಮ್ಮಂಥವರ ಮೇಲೂ ಅಧ್ಯಯನಗಳಿವೆ. ಏನೂ ತೊಂದರೆ ಇಲ್ಲದ ಅಣ್ಣತಮ್ಮಂದಿರು, ಗಂಡ ಹೆಂಡತಿ ಕೂಡ ಕೆಲವಕ್ಕೆ ಬೇಕಾಗುತ್ತಾರೆ.

ಔಷಧದ ಅಧ್ಯಯನ ಬೇಕು ಅನ್ನುವವರು ಲೆಕನೆಮ್ಯಾಬ್ ಅನ್ನುವ ಆಲ್ಜೈಮರ್ ಔಷಧದ ಕಥೆ ತಿಳಿದಿರಿ. ಅಮೆರಿಕದಲ್ಲಿ 2023ರಲ್ಲಿ ಅದಕ್ಕೆ ಪೂರ್ಣ ಒಪ್ಪಿಗೆ ಸಿಕ್ಕಿತು. ಅದರ ಅಧ್ಯಯನದಲ್ಲಿ 1,795 ಜನ, 18 ತಿಂಗಳು, ಎರಡು ವಾರಕ್ಕೊಮ್ಮೆ ಡ್ರಿಪ್. ಕಾಯಿಲೆ ನಿಲ್ಲಲಿಲ್ಲ, ಹೆಚ್ಚುವ ವೇಗ ಸುಮಾರು 27% ಕಡಿಮೆಯಾಯಿತು, ಅಷ್ಟೇ. ಔಷಧ ಪಡೆದ 100 ಜನರಲ್ಲಿ 12-13 ಜನರ ಸ್ಕ್ಯಾನಿನಲ್ಲಿ ಮೆದುಳಿನ ಊತ ಕಂಡಿತು. ತೆಗೆದುಕೊಂಡಿದ್ದು ಶುರುವಿನ ಹಂತದವರನ್ನು ಮಾತ್ರ. ಮಕ್ಕಳ ಗುರುತೇ ಸಿಗದ ಹಂತಕ್ಕೆ ಬಂದವರನ್ನು ಇಂಥ ಅಧ್ಯಯನಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿಯೇ ನಾನು ಬೇಗ ಬೇಗ ಅನ್ನುತ್ತಿರುವುದು. ಅರ್ಧದಷ್ಟು ಜನಕ್ಕೆ ಔಷಧವೇ ಇಲ್ಲದ ಡ್ರಿಪ್ ಸಿಕ್ಕಿತ್ತು, ಅದಕ್ಕೆ ಪ್ಲಾಸಿಬೊ ಅನ್ನುತ್ತಾರೆ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ. ಇದಕ್ಕೆ ಮನಸ್ಸು ಒಪ್ಪದಿದ್ದರೆ ಸೇರಬೇಡಿ, ಆಮೇಲೆ ಮೋಸ ಹೋದೆವು ಅನ್ನಿಸುತ್ತದೆ.

ಎಲ್ಲಿ ಹುಡುಕುವುದು? ಸಿಟಿಆರ್‌ಐ ಅಂತ ಇಂಥ ಅಧ್ಯಯನಗಳ ಸರ್ಕಾರದ ದಾಖಲೆ ಇದೆ, 2007ರಲ್ಲಿ ಶುರುವಾಗಿದ್ದು. 2009ರಿಂದ ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಅಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ಮೊಬೈಲಿನಲ್ಲೇ ನೋಡಬಹುದು, ಆದರೆ ಎಲ್ಲ ಇಂಗ್ಲಿಷ್. ಕಾಲೇಜಿಗೆ ಹೋಗುವ ಮಾಣಿಯನ್ನೋ ಕೂಸನ್ನೋ ಪಕ್ಕಕ್ಕೆ ಕೂರಿಸಿಕೊಳ್ಳಿ. ಡಿಮೆನ್ಶಿಯಾ, ಆಲ್ಜೈಮರ್ ಎರಡೂ ಹೊಡೆದು ನೋಡಿ. ಹೊಸಬರನ್ನು ಈಗ ತೆಗೆದುಕೊಳ್ಳುತ್ತಿದ್ದಾರಾ, ಯಾವ ಆಸ್ಪತ್ರೆ, ವಯಸ್ಸು ಎಷ್ಟಿರಬೇಕು, ಸೇರುವವರ ಸುರಕ್ಷತೆ, ಹಕ್ಕು ನೋಡುವ ನೀತಿ ಸಮಿತಿ ಒಪ್ಪಿದೆಯಾ, ಇಷ್ಟು ನೋಡಿ ಸಾಕು. ಅಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಿ. ಸೇರಲು ದುಡ್ಡು ಕೇಳಿದರೆ ಅಲ್ಲೇ ಫೋನ್ ಇಡಿ. ನೆನಪಿನ ಶಕ್ತಿಗೆ ಔಷಧ ಕಂಡುಹಿಡಿದಿದ್ದೇವೆ ಅಂತ ಮನೆ ಬಾಗಿಲಿಗೆ ಬರುವವರಿಗೂ ನೋಂದಣಿ ಸಂಖ್ಯೆ ಕೇಳಿ.

ಫೋನಿನಲ್ಲೇ ಎಷ್ಟು ಸಲ ಬರಬೇಕು ಅಂತ ಲೆಕ್ಕ ಹಾಕಿಸಿ. ಬೆಂಗಳೂರಿನಲ್ಲಿ ಇರುವವರಿಗೆ ಎರಡು ವಾರಕ್ಕೊಮ್ಮೆ ಅಂದರೆ ಆಟೋ. ನಮಗೆ ಘಟ್ಟ ಇಳಿದು ಕುಮಟಾದಲ್ಲಿ ಬೆಂಗಳೂರಿಗೆ ಹೋಗುವ ಪಂಚಗಂಗಾ ರೈಲು ಹತ್ತಬೇಕು. ಸಂಜೆಯಾದರೆ ಈ ಕಾಯಿಲೆಯವರಿಗೆ ಗಲಿಬಿಲಿ ಜಾಸ್ತಿ. ಮೊದಲ ಸಲ ನಡುರಾತ್ರಿ ಆಯಿ ಎದ್ದು, ಕೊಟ್ಟಿಗೆ ಬಾಗಿಲು ಹಾಕಿ ಬರುತ್ತೇನೆ ಅಂತ ಬರ್ತ್‌ನಿಂದ ಇಳಿದಿದ್ದಳು. ಆಮೇಲೆ ಕೆಳಗಿನ ಬರ್ತನ್ನೇ ಹಿಡಿದೆ, ಅವಳ ಹಳೇ ಕಂಬಳಿ ಹೊದೆಸಿದೆ, ಅವಳ ಕಾಲಿನ ಹತ್ತಿರ ನಾನು ಕೂತೆ. ಪ್ರಯಾಣದ ಖರ್ಚು ಕೊಡುತ್ತೀರಾ, ಜೊತೆಗೆ ಬರುವವರಿಗೂ ಸೇರಿಸಿಯಾ, ಬಿಲ್ಲು ಬೇಕಾ, ಕೆಲವು ಭೇಟಿ ಫೋನಿನಲ್ಲೇ ಆಗುತ್ತದಾ ಅಂತ ಕೇಳಿ. ಪೇಸ್‌ಮೇಕರ್ ಹಾಕಿದ್ದರೆ ಎಂಆರ್‌ಐ ಕಷ್ಟ, ಅದನ್ನೂ ಆಗಲೇ ಹೇಳಿ.

ಜೊತೆಗೆ ಹೋಗುವವರು ಯಾರು ಅನ್ನುವುದು ಸಣ್ಣ ವಿಷಯ ಅಲ್ಲ. ರೋಗಿಯನ್ನು ದಿನಾ ನೋಡುವವರೇ ಆಗಬೇಕು, ಯಾಕೆಂದರೆ ಅರ್ಧ ಪ್ರಶ್ನೆ ಅವರಿಗೇ. ನನ್ನ ತಮ್ಮ ಬೆಂಗಳೂರಿನಲ್ಲೇ ಇದ್ದಾನೆ, ಅವನೇ ಕರೆದುಕೊಂಡು ಹೋಗಲಿ ಅಂತ ಮನೆಯಲ್ಲಿ ಹೇಳಿದ್ದರು. ಆಯಿ ಸ್ನಾನಕ್ಕೆ ಹೋಗಲು ಯಾಕೆ ಹೆದರುತ್ತಾಳೆ, ಅಡಿಕೆ ಮಾತ್ರ ಹೇಗೆ ಒಂದೂ ತಪ್ಪದೆ ಸುಲಿಯುತ್ತಾಳೆ ಅಂತ ಅವನಿಗೆ ಹೇಗೆ ಗೊತ್ತಿರಬೇಕು? ಒಂದು ನೋಟ್‌ಬುಕ್ ಇಟ್ಟು ದಿನಾ ಎರಡು ಸಾಲು ಬರೆದಿಡಿ. ಪರೀಕ್ಷೆ ನಡೆಯುವಾಗ ನೀವು ಉತ್ತರ ಹೇಳಬೇಡಿ, ಕಣ್ಸನ್ನೆಯೂ ಬೇಡ. ಬಾಯಿಗೆ ಬಂದುಬಿಡುತ್ತದೆ, ಹಲ್ಲು ಕಚ್ಚಿ ಕೂತಿರಿ. ಕನ್ನಡಕ, ಕಿವಿಯ ಮಷಿನ್ ಮರೆಯಬೇಡಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಯ ಚೀಟಿ ತನ್ನಿ, ಪಂಡಿತರ ಲೇಹ್ಯ, ಬ್ರಾಹ್ಮಿ ಗುಳಿಗೆ ಸೇರಿಸಿ. ಒಂದೆಲಗದ ತಂಬುಳಿ ದಿನಾ ಮಾಡುತ್ತೇವೆ ಅಂತಲೂ ನಾನು ಬರೆಸಿದೆ.

ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ, ಮನೆಗೆ ತನ್ನಿ. ಅಲ್ಲೇ ಕೂತು ಸಹಿ ಮಾಡಿ ಅಂದರೆ ಒಪ್ಪಬೇಡಿ. ಔಷಧ ಪ್ರಯೋಗಗಳಿಗೆ 2019ರ ನಿಯಮಗಳಿವೆ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯನ್ನು ಅವರೇ ಉಚಿತವಾಗಿ ಕೊಡಬೇಕು, ಪರಿಹಾರಕ್ಕೂ ದಾರಿ ಇದೆ. ಓದಲು ಬಾರದವರಿಗೆ ಓದಿ ಹೇಳುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು. ರೋಗಿಗೆ ತಾನೇ ಒಪ್ಪಿಗೆ ಕೊಡಲು ಆಗದಿದ್ದರೆ ಕಾನೂನು ಒಪ್ಪುವ ಮನೆಯವರು ಸಹಿ ಹಾಕಬಹುದು. ಆದರೂ ಅವರಿಗೆ ಹೇಳಿ. ನಾನು ಬೆಳಿಗ್ಗೆ ಹೊತ್ತು, ಆಯಿ ಜಗಲಿಯಲ್ಲಿ ಹೂ ಕಟ್ಟುವಾಗ, ಒಂದೊಂದೇ ಪುಟ ಮೂರು ದಿನ ಓದಿ ಹೇಳಿದೆ. ಎರಡನೇ ದಿನಕ್ಕೆ ಮೊದಲಿನದು ಮರೆತಿತ್ತು. ಮತ್ತೆ ಓದಿದೆ. "ಎಂಗೆ ಗುಣ ಆಗ್ತಾ?", ಅಂದರೆ ನನಗೆ ಗುಣ ಆಗುತ್ತದಾ, ಅಂತ ಕೇಳಿದಳು. ಇಲ್ಲ, ಇದರಿಂದ ಗುಣ ಆಗುವುದಿಲ್ಲ, ಇವರು ನೋಡಿ ಬರೆದುಕೊಳ್ಳುತ್ತಾರೆ ಅಂತ ಹೇಳಿದೆ. "ಮುಂದಿನವಕ್ಕಾದ್ರೂ ಆಗ್ಲಿ ಬಿಡು" ಅಂದು ಹೂವಿನ ದಾರ ಕಚ್ಚಿ ಕತ್ತರಿಸಿದಳು. ಸಹಿ ಅವಳೂ ಹಾಕಿದಳು, ನಾನೂ ಹಾಕಿದೆ.

ಸೇರಿದ ಮೇಲೆ ಊರಿನ ಡಾಕ್ಟರಿಗೆ ತಪ್ಪದೆ ತಿಳಿಸಿ, ಅಧ್ಯಯನದವರ ತುರ್ತು ನಂಬರನ್ನು ಗೋಡೆಗೆ ಅಂಟಿಸಿ. ತಲೆನೋವು, ವಾಂತಿ, ಬೀಳುವುದು, ಹೊಸ ಗಲಿಬಿಲಿ ಯಾವುದಾದರೂ ಕಂಡರೆ ಅವತ್ತೇ ಫೋನ್ ಮಾಡಿ. ಸ್ಕ್ಯಾನಿನ ಫಲಿತಾಂಶ ನಮಗೆ ಹೇಳುತ್ತೀರಾ ಅನ್ನುವುದನ್ನು ಸೇರುವ ಮೊದಲೇ ಕೇಳಿಕೊಳ್ಳಿ, ಎಲ್ಲ ಕಡೆ ಹೇಳುವುದಿಲ್ಲ.

ಬಿಡಬೇಕು ಅನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಕಾರಣ ಹೇಳಬೇಕಿಲ್ಲ, ಮಾಮೂಲಿ ಚಿಕಿತ್ಸೆಗೆ ಅದರಿಂದ ತೊಂದರೆ ಆಗಬಾರದು. ಔಷಧದ ಅಧ್ಯಯನವಾದರೆ ಮಾತ್ರ ನೀವೇ ಮಾತ್ರೆ ನಿಲ್ಲಿಸದೆ ಅವರಿಗೆ ಮೊದಲು ಹೇಳಿ. ಎರಡನೇ ವರ್ಷ ಆಯಿ ಎಂಆರ್‌ಐ ಕೋಣೆಯ ಬಾಗಿಲಲ್ಲೇ ನನ್ನ ಕೈ ಗಟ್ಟಿ ಹಿಡಿದು "ಎಂಗೆ ಬ್ಯಾಡ" ಅಂದಳು. ಬಾಯಲ್ಲಿ ಬೇಡ ಅಂದಿದ್ದು ಅದೊಂದೇ ಸಲ. ಅಲ್ಲಿದ್ದ ಹುಡುಗಿ ಒತ್ತಾಯ ಮಾಡಲಿಲ್ಲ, ಸ್ಕ್ಯಾನ್ ಇಲ್ಲ ಅಂತ ಬರೆದುಕೊಂಡಳು. ಈಗ ಆರು ತಿಂಗಳಿಗೊಮ್ಮೆ ಫೋನ್ ಬರುತ್ತದೆ, ನಾನು ನೋಟ್‌ಬುಕ್ ತೆರೆದು ಕೂರುತ್ತೇನೆ.